ಟಾರ್ಚಕ್ಕನ ಎಡಗೈ ಗಂಟು

ಇನ್ನೂ ಆರು ಗಂಟೆಯಾಗಿಲ್ಲ. ತಗಡಿನ ಶೆಡ್ಡಿನಲ್ಲಿ ನಿಂತ ಹಳೆಯ ಜೀಪಿನಿಂದ ಎರಡು ಪಾದಗಳಷ್ಟೇ ಹೊರಗೆ ಚಾಚಿಕೊಂಡಿವೆ. ಹಿಮ್ಮಡಿ ಒಡೆದಿದೆ. ಒಂದು ಹೆಬ್ಬೆರಳಿಗೆ ವೈರಿಗೆ ಸುತ್ತುವ ಕಪ್ಪು ಟೇಪನ್ನೇ ಸುತ್ತಿದೆ. ನಿನ್ನೆ ಸ್ಪ್ಯಾನರ್ ಬಿದ್ದ ಗಾಯಕ್ಕೆ ಅದೇ ಪಟ್ಟಿ. ಉಳಿದ ಮೈಯೆಲ್ಲ ಸ್ಟಿಯರಿಂಗಿನ ಕೆಳಗೆ, ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಅಲ್ಲಿಂದ ಆಗಾಗ ‘ಊಂ’, ‘ಊಂಹೂಂ’ ಎಂಬ ಸದ್ದು ಬರುತ್ತದೆ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡವರು ಅದಕ್ಕಿಂತ ಹೆಚ್ಚು ಮಾತಾಡಲಾರರು.

ಬೀದಿಯವರೆಲ್ಲ ಇವರನ್ನು ಕರೆಯುವುದು ಟಾರ್ಚಕ್ಕ ಎಂದು. ವಯಸ್ಸು ಐವತ್ತೆರಡು. ಗಂಡ ಗಾಡಿಗಳ ವೈರಿಂಗ್ ಮೇಸ್ತ್ರಿ. ಇಪ್ಪತ್ತಾರು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅವರಿಗೆ ಊಟದ ಡಬ್ಬಿ ತಂದಾಗ, “ಒಂಚೂರು ಬೆಳಕು ಹಿಡಿಯೇ” ಅಂದರಂತೆ. ಹಿಡಿದರು. “ಆವತ್ತು ಹಿಡಿದೋಳು ಇನ್ನೂ ಕೆಳಗಿಟ್ಟಿಲ್ಲ ನೋಡಿ. ಡಬ್ಬಿ ತೊಳೆಯೋಕೆ ಅಂತ ಮನೆಗೆ ಹೋಗಿದ್ರೆ ಬದುಕು ಬೇರೆ ಥರ ಇರ್ತಿತ್ತೇನೋ” ಎನ್ನುತ್ತಾರೆ. ನಗುತ್ತಾರೆ ಕೂಡ, ಆದರೆ ಅರ್ಧಕ್ಕೇ ಆಕಳಿಕೆ ಬಂದು ನಗುವನ್ನು ನುಂಗಿಬಿಡುತ್ತದೆ.

ಇಂದು ಮುಂದಿರುವ ಜೀಪು ಸಿಸ್ಟರಮ್ಮನದು. ಸಿಸ್ಟರಮ್ಮ ನಿವೃತ್ತ ನರ್ಸು, ಎಪ್ಪತ್ತರ ಹತ್ತಿರದವರು. ಕಲ್ಲು ದಾರಿಯಲ್ಲಿ ಇದೇ ಜೀಪು ಹತ್ತಿಸಿಕೊಂಡು ಹೋಗಿ ಗುಡ್ಡದ ಮೇಲಿನ ಮನೆಗಳಲ್ಲಿ ಎಷ್ಟೋ ಹೆರಿಗೆ ಮಾಡಿಸಿದವರು. ಒಂದು ಮಂಡಿಗೆ ಆಪರೇಷನ್ ಆಯಿತು, ಆಮೇಲೆ ಇನ್ನೊಂದಕ್ಕೆ. ಅಷ್ಟರಲ್ಲಿ ಜೀಪು ಟಾರ್ಪಾಲಿನ ಕೆಳಗೆ ಮೂರು ವರ್ಷ ಮಲಗಿತ್ತು. ಈಗ ಮಂಡಿ ಎರಡೂ ನೆಟ್ಟಗಾಗಿವೆ. ವಾರಕ್ಕೆರಡು ದಿನ ಮತ್ತೆ ಗುಡ್ಡ ಹತ್ತುತ್ತೇನೆಂದು ಅಲ್ಲಿನ ಬಸುರಿಯರಿಗೆ ಮಾತು ಕೊಟ್ಟಾಗಿದೆ. ಗಾಡಿ ತಪಾಸಣೆಯಲ್ಲಿ ಮಾತ್ರ ಜೀಪು ಎರಡು ಸಲ ಫೇಲಾಗಿದೆ. ಇವತ್ತು ಹನ್ನೊಂದು ಗಂಟೆಗೆ ಮೂರನೆಯದು, ಕೊನೆಯದು. ಇದೂ ತಪ್ಪಿದರೆ ಗುಜರಿಗೆ.

“ನನ್ನ ಮಂಡಿನೇ ರಿಪೇರಿ ಆಯ್ತು, ಇದಕ್ಕೇನು ಧಾಡಿ?” ಎಂದು ಸಿಸ್ಟರಮ್ಮ ಜೀಪಿನ ಬಾನೆಟ್ಟಿಗೆ ಗುದ್ದುತ್ತಾರೆ.

ಧಾಡಿ ಏನೆಂದರೆ, ಒಂದೊಂದೇ ಕೇಳಿದರೆ ಎಲ್ಲವೂ ಸರಿ. ಹೆಡ್‌ಲೈಟ್ ಉರಿಯುತ್ತದೆ. ಹಾರ್ನ್ ಕೂಗುತ್ತದೆ. ಇಂಡಿಕೇಟರ್ ಮಿನುಗುತ್ತದೆ. ಮೂರನ್ನೂ ಒಟ್ಟಿಗೆ ಹಾಕಿದರೆ ಹೆಡ್‌ಲೈಟ್ ಮಂಕಾಗುತ್ತದೆ, ಇಂಡಿಕೇಟರ್ ಮಿನುಗುವುದನ್ನು ಬಿಟ್ಟು ಸುಮ್ಮನೆ ನಿಂತುಬಿಡುತ್ತದೆ, ಹಾರ್ನ್ ಗಂಟಲು ಕಟ್ಟಿದವರಂತೆ ಗೊರಗೊರ ಎನ್ನುತ್ತದೆ.

“ಒಬ್ಬಳೇ ಸೊಸೆ ಇದ್ದಾಗ ಮನೆ ಸರಿ ಇರುತ್ತೆ, ಮೂವರೂ ಸೇರಿದ್ರೆ ಅಡುಗೆಮನೇಲಿ ಯಾವ ಕೆಲಸಾನೂ ಆಗಲ್ಲ, ಹಂಗಿದು” ಎಂದು ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ಮೇಸ್ತ್ರಿ ವಿವರಿಸುತ್ತಾರೆ. ಎರಡೂ ಕೈ ಕಂಕುಳಲ್ಲಿ. ಅವರು ಕೂರುವುದೇ ಹಾಗೆ. ಕೈ ಕಟ್ಟಿ ಕೂತೇ ಕೆಲಸ ಮುಗಿಸುವ ಮೇಸ್ತ್ರಿ ಎಂದು ಬೀದಿಯಲ್ಲಿ ಹೆಸರು.

ಮೂರು ವರ್ಷ ಮಲಗಿದ ಗಾಡಿಯಲ್ಲಿ ಯಾರ ಮೇಲೆ ಬೇಕಾದರೂ ಅನುಮಾನ ಪಡಬಹುದು. ಬ್ಯಾಟರಿ ಸತ್ತಿತ್ತು, ಬದಲಾಯಿಸಿದ್ದಾಗಿದೆ. ಸೀಟಿನ ಕೆಳಗೆ ಇಲಿ ಸಂಸಾರ ಹೂಡಿತ್ತು. ಅದು ಕಡಿದ ಹದಿನಾಲ್ಕು ತಂತಿಗಳನ್ನು ಟಾರ್ಚಕ್ಕ ಎರಡು ದಿನ ಕೂತು ಹೊಸದಾಗಿ ಎಳೆದಿದ್ದಾರೆ. ಫ್ಯೂಸ್ ಡಬ್ಬಿಯಲ್ಲಿ ಹಸಿರು ಕಿಲುಬು ಹಿಡಿದಿತ್ತು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದ್ದಾರೆ. ಇಷ್ಟಾದರೂ ಹಾರ್ನಿನ ಗಂಟಲು ಬಿಟ್ಟಿಲ್ಲ.

“ಅರ್ತ್ ನೋಡೇ” ಎನ್ನುತ್ತಾರೆ ಮೇಸ್ತ್ರಿ. ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಗಾಡಿಯ ಮೈಯ ಮೂಲಕ ವಾಪಸು ಬರುವ ದಾರಿಗೆ ಗ್ಯಾರೇಜಿನವರು ಇಟ್ಟ ಹೆಸರು ಅದು. ಟಾರ್ಚಕ್ಕನ ಬಾಯಲ್ಲಿ ಅದು ಪೂರ್ತಿ ‘ಅರ್ಥ’ವೇ ಆಗಿಬಿಟ್ಟಿದೆ.

ಟಾರ್ಚ್ ತೆಗೆದು ಹೇಳುತ್ತಾರೆ: “ನೋಡ್ದೆ ಕಣ್ರೀ. ಇಂಜಿನ್ದು ನೋಡ್ದೆ, ಚಾಸಿಸ್ದು ನೋಡ್ದೆ. ಎಲ್ಲಾ ಇದೆ, ಅರ್ಥ ಒಂದೇ ಸಿಗ್ತಿಲ್ಲ.”

“ನಿನಗೆ ಯಾವಾಗ ಸಿಕ್ಕಿತ್ತು?”

“ನಿಮ್ಮನ್ನ ಕಟ್ಟಿಕೊಂಡ ಮೇಲೆ ಹುಡುಕೋದೇ ಬಿಟ್ಟಿದ್ದೀನಿ.”

ಸಿಸ್ಟರಮ್ಮ ಗಡಿಯಾರ ನೋಡುತ್ತಾರೆ. ಎಂಟೂಕಾಲು.

ಟಾರ್ಚಕ್ಕನ ದಿನ ಶುರುವಾಗುವುದು ನಾಲ್ಕೂವರೆಗೆ. ನೀರು ತುಂಬಿ, ಎರಡು ಹೊತ್ತಿನ ಅಡುಗೆ ಮುಗಿಸಿ, ಅತ್ತೆಯ ಮಾತ್ರೆ ಬಟ್ಟಲಿನಲ್ಲಿಟ್ಟು, ಗಂಡನ ಅಂಗಿಯ ಗುಂಡಿ ಹಾಕಿ ಶೆಡ್ಡಿಗೆ ಬರುತ್ತಾರೆ. ದಿನಕ್ಕೆ ಐದು ಗಾಡಿ, ಕೆಲವೊಮ್ಮೆ ಏಳು. ಗಾಡಿಯ ಕೆಳಗೆ ಮಲಗಿ ಏಳುವುದು ನಲವತ್ತು ಸಲವಾದರೂ ಆಗುತ್ತದೆ. ಎರಡು ದಿನಕ್ಕೊಂದು ಟೇಪಿನ ಸುರುಳಿ ಮುಗಿಯುತ್ತದೆ. ಬೆನ್ನಿನ ನೋವಿಗೆ ಲೆಕ್ಕವಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಎಲ್ಲಿ ತಲೆ ಬಡಿಯುತ್ತದೋ ಎಂದು ನಿದ್ದೆಯಲ್ಲೂ ಕತ್ತು ಬಗ್ಗಿಸುತ್ತಾರಂತೆ.

ಗಂಡನ ಅಂಗಿಯ ಗುಂಡಿಯನ್ನು ಅವರೇಕೆ ಹಾಕಬೇಕು ಎಂದು ಬೀದಿಯಲ್ಲಿ ಯಾರೂ ಕೇಳಿಲ್ಲ, ಏಕೆಂದರೆ ಯಾರೂ ನೋಡಿಲ್ಲ. ಮೇಸ್ತ್ರಿಯ ಕೈ ನಡುಗಲು ಶುರುವಾಗಿ ಹನ್ನೊಂದು ವರ್ಷ. ಕೈ ನಡುಗುವ ಮೇಸ್ತ್ರಿಯ ಹತ್ತಿರ ಯಾರು ಗಾಡಿ ಬಿಡುತ್ತಾರೆ? ಅಂದಿನಿಂದ ಅವರು ಹೊರಗೆ ಕೂತು ಗಿರಾಕಿಯೊಡನೆ ಮಾತಾಡುತ್ತಾರೆ, ಇವರು ಒಳಗೆ ಮಲಗಿ ಕೆಲಸ ಮಾಡುತ್ತಾರೆ. ಬೀದಿಯ ಕಣ್ಣಿಗೆ ಇವರು ಟಾರ್ಚ್ ಹಿಡಿದು ಮೇಸ್ತ್ರಿ ಹೇಳಿದಂತೆ ಕೈಯಾಡಿಸುವವರು ಮಾತ್ರ. ‘ಮೇಸ್ತ್ರಿ ಕೈ ಅಂದ್ರೆ ಕೈ’ ಎಂಬ ಹೊಗಳಿಕೆ ಇವರ ತಲೆಯ ಮೇಲಿಂದಲೇ, ತಗಡಿನ ಆಚೆಯಿಂದ ಹಾದುಹೋಗುತ್ತದೆ. ಮೊದಮೊದಲು ಕೇಳಿ ಹೆಮ್ಮೆಯಾಗುತ್ತಿತ್ತು, ತಮ್ಮವರ ಮಾನ ಉಳಿಯಿತಲ್ಲ ಎಂದು. ಆಮೇಲೆ ಸಿಟ್ಟು ಬರುತ್ತಿತ್ತು. ಈಗ ಎರಡೂ ಇಲ್ಲ. ಬಾಯಲ್ಲಿ ಟಾರ್ಚ್ ಇದೆ, ಅಷ್ಟೆ.

ಒಂಬತ್ತಕ್ಕೆ ಟಾರ್ಚಕ್ಕ ಎದ್ದು ಜೀಪಿನ ಮುಂದಕ್ಕೆ ಬರುತ್ತಾರೆ. ಕೈಯಲ್ಲಿ ಅವರೇ ಮಾಡಿಕೊಂಡ ಪರೀಕ್ಷೆಯ ದೀಪ: ಹಳೆಯ ಇಂಡಿಕೇಟರಿನ ಬಲ್ಬು, ಅದಕ್ಕೆ ಎರಡು ತಂತಿ. ಒಂದು ತುದಿ ಬ್ಯಾಟರಿಗೆ, ಇನ್ನೊಂದು ಹಾರ್ನಿನ ಅರ್ತ್ ತಂತಿಗೆ. ದಾರಿ ಸರಿಯಿದ್ದರೆ ಬಲ್ಬು ಬೆಳ್ಳಗೆ ಉರಿಯಬೇಕು. ಆರಲಿರುವ ಕೆಂಡದಂತೆ ಕೆಂಪಗಾಗುತ್ತದೆ. ತಂತಿಯ ಜಾಡು ಹಿಡಿದು ಬೆರಳು ಎಡಗಡೆಯ ಮಡ್‌ಗಾರ್ಡಿನ ಒಳಮೂಲೆಗೆ ಇಳಿಯುತ್ತದೆ. ಅಲ್ಲಿ ಕೈಗೆ ಒಂದು ಉಂಡೆ ಸಿಗುತ್ತದೆ. ಟೇಪು ಬಿಚ್ಚಿದರೆ ಮೂರು ತಂತಿ ಸೇರಿಸಿ ತಿರುಚಿದ ಗಂಟು, ತುಂಬ ಕಿಲುಬು. ಸೋಲ್ಡರ್ ಕಾಯಿಸಿ ಬೆಸೆದೇ ಇಲ್ಲ. ಹೆಡ್‌ಲೈಟು, ಹಾರ್ನು, ಇಂಡಿಕೇಟರು ಮೂರಕ್ಕೂ ವಾಪಸು ಬರಲು ಇದೊಂದೇ ದಾರಿ, ಅದು ಮುಚ್ಚಿಹೋಗಿದೆ.

ಮೇಸ್ತ್ರಿ ಬಗ್ಗಿ ನೋಡಿ ಸಿಸ್ಟರಮ್ಮನತ್ತ ತಿರುಗುತ್ತಾರೆ. “ನೋಡಿದ್ರಾ ಅಮ್ಮಾ? ಯಾವನೋ ಕೈ ಹಾಕಿದ್ದಾನೆ. ನಮ್ಮ ಕೆಲಸ ಅಲ್ಲ ಇದು. ಕಂಡಕಂಡವರ ಹತ್ರ ಬಿಟ್ರೆ ಹಿಂಗೇ ಆಗೋದು.”

ಎಲ್ಲ ಗ್ಯಾರೇಜಿನಲ್ಲೂ ಹೇಳುವ ಮಾತು. ಸಾಮಾನ್ಯವಾಗಿ ಅಲ್ಲಿಗೆ ಮುಗಿದೂ ಹೋಗುತ್ತದೆ. ಆದರೆ ಟಾರ್ಚಕ್ಕ ಗಂಟನ್ನು ನೋಡುತ್ತ ನಿಂತೇ ಇದ್ದಾರೆ. ಬಲಗೈಯವರು ತಿರುಚಿದ ತಂತಿಯ ಎಳೆಗಳು ಒಂದು ಕಡೆಗೆ ವಾಲುತ್ತವೆ. ಇವು ಇನ್ನೊಂದು ಕಡೆಗೆ ವಾಲಿವೆ. ಈ ಬೀದಿಯಲ್ಲಿ ಎಡಗೈಯಲ್ಲಿ ಇಕ್ಕಳ ಹಿಡಿಯುವವರು ಒಬ್ಬರೇ.

ಬಾಯಿಂದ ಟಾರ್ಚ್ ತೆಗೆದು ಸೆರಗಿಗೆ ಒರೆಸುತ್ತಾರೆ. “ಯಾವನೂ ಅಲ್ಲ. ನಂದು.”

“ಸುಮ್ನಿರೇ.”

“ನಂದೇ ರೀ. ಹನ್ನೊಂದು ವರ್ಷದ ಹಿಂದಿನದು. ನಿಮ್ಮ ಕೈಯಿಂದ ಇಕ್ಕಳ ಜಾರಿ ಬಿತ್ತಲ್ಲ, ಆವತ್ತಿಂದು. ಸೋಲ್ಡರ್ ಕಾಯಿಸ್ತೀನಿ ಅಂದೆ, ಅಮ್ಮಾವ್ರು ಬರ್ತಿದ್ದಾರೆ, ಟೇಪ್ ಸುತ್ತಿ ಎದ್ದೇಳು ಅಂದ್ರಿ. ಸುತ್ತಿ ಎದ್ದೆ. ಟಾರ್ಚ್ ಹಿಡ್ಕೊಂಡು ನಿಂತೆ.” ಸಿಸ್ಟರಮ್ಮನತ್ತ ತಿರುಗುತ್ತಾರೆ. “ಆವತ್ತಿಂದ ಇಲ್ಲಿ ಮಾಡಿರೋದೆಲ್ಲ ನಾನೇ ಅಮ್ಮಾ. ಚೆನ್ನಾಗಿರೋದು, ಕೆಟ್ಟಿರೋದು, ಎಲ್ಲಾ.”

ಮೇಸ್ತ್ರಿ ನೆಲ ನೋಡುತ್ತಾರೆ. ಸಿಸ್ಟರಮ್ಮ ನೋಡುವುದು ಗಡಿಯಾರವನ್ನೇ.

“ಯಾರದಾದ್ರೂ ಆಗಲಿ ತಾಯಿ. ಹನ್ನೊಂದಕ್ಕೆ ಕೂಗುತ್ತಾ ಇದು?”

“ಕೂಗುತ್ತೆ.”

ಗಂಟು ಕತ್ತರಿಸಿ, ತಂತಿ ಹೆರೆದು, ಹೊಸದಾಗಿ ತಿರುಚಬೇಕು, ಎಡಕ್ಕೇ. ಆಮೇಲೆ ಸೋಲ್ಡರ್. ಒಂದು ಕೈಗೆ ತಂತಿ, ಇನ್ನೊಂದಕ್ಕೆ ಕಾದ ಕಡ್ಡಿ. ಮೂಲೆ ಎಷ್ಟು ಇಕ್ಕಟ್ಟೆಂದರೆ ಟಾರ್ಚ್ ಕಚ್ಚಿದ ಮುಖ ಒಳಗೆ ತೂರುವುದಿಲ್ಲ. ಆಗ ಮೇಸ್ತ್ರಿ ಸ್ಟೂಲಿನಿಂದೇಳುತ್ತಾರೆ. ಕಂಕುಳಿನಿಂದ ಕೈ ತೆಗೆದು, ಸಿಸ್ಟರಮ್ಮನ ಎದುರೇ, ಟಾರ್ಚ್ ತೆಗೆದುಕೊಂಡು ಹಿಡಿಯುತ್ತಾರೆ. ಬೆಳಕು ಗಂಟಿನ ಮೇಲೆ ಪಟಪಟ ನಡುಗುತ್ತದೆ.

“ಅಲ್ಲಾಡಿಸಬೇಡ್ರೀ.”

“ನಾನೆಲ್ಲಿ ಅಲ್ಲಾಡಿಸ್ತಿದ್ದೀನಿ? ಅದೇ ಅಲ್ಲಾಡುತ್ತೆ.”

“ಹಂಗಾದ್ರೆ ಎರಡೂ ಕೈಯಲ್ಲಿ ಹಿಡೀರಿ.”

ಹಿಡಿಯುತ್ತಾರೆ. ನಡುಕ ಪೂರ್ತಿ ನಿಲ್ಲುವುದಿಲ್ಲ, ಆದರೆ ಅಷ್ಟು ಬೆಳಕು ಸಾಕಾಗುತ್ತದೆ. ಹತ್ತೂಕಾಲಿಗೆ ಹೆಡ್‌ಲೈಟು, ಹಾರ್ನು, ಇಂಡಿಕೇಟರು ಮೂರೂ ಒಟ್ಟಿಗೆ. ಹಾರ್ನಿನ ಅಬ್ಬರಕ್ಕೆ ಎದುರಿನ ದರ್ಜಿ ಕತ್ತರಿ ಬಿಟ್ಟು ಹೊರಗೆ ಇಣುಕುತ್ತಾನೆ. ಸಿಸ್ಟರಮ್ಮ ಗೇರ್ ಹಾಕಿಕೊಂಡು ಹೊರಡುತ್ತಾರೆ.

ಆಮೇಲಿನದು ಕಾಯುವ ಹೊತ್ತು. ಟಾರ್ಚಕ್ಕ ಇನ್ನೊಂದು ಗಾಡಿಯ ಕೆಳಗೆ ಮಲಗುತ್ತಾರೆ, ಆದರೆ ತಂತಿ ಮುಟ್ಟುವುದಿಲ್ಲ. ಹೊರಗೆ ಮೇಸ್ತ್ರಿ ಕೂತಿದ್ದಾರೆ. ಕೈ ತೊಡೆಯ ಮೇಲಿದೆ, ನಡುಗುತ್ತಿದೆ, ಮರಳಿ ಕಂಕುಳಿಗೆ ಹೋಗಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವರ ಫೋನ್ ಹೊಡೆದುಕೊಳ್ಳುತ್ತದೆ. ಸಿಸ್ಟರಮ್ಮನ ದನಿ ಬೀದಿಗೆಲ್ಲ ಕೇಳುವಷ್ಟು ಜೋರು.

“ಪಾಸಾಯ್ತು! ಮೇಸ್ತ್ರಿಗೆ ಕೊಡಿ ಫೋನು.”

“ನಾನೇ ಅಮ್ಮಾ ಮಾತಾಡ್ತಿರೋದು.”

“ನೀವಲ್ಲ. ಇನ್ನೊಬ್ಬರು.”

ಮೇಸ್ತ್ರಿ ಬಗ್ಗಿ ಫೋನನ್ನು ಗಾಡಿಯ ಕೆಳಗೆ ಚಾಚುತ್ತಾರೆ. “ತಗೋ. ನಿನಗಂತೆ.”

ಟಾರ್ಚಕ್ಕ ಎಡಗೈ ನೀಡಿ ತೆಗೆದುಕೊಳ್ಳುತ್ತಾರೆ. ಸಿಸ್ಟರಮ್ಮನ ದನಿ ಈಗ ತಗ್ಗಿದೆ. ಏನು ಮಾತಾಯಿತೋ, ಇತ್ತಲಿನಿಂದ ಕೇಳಿಸಿದ್ದು ‘ಊಂ’, ‘ಊಂ’ ಎಂಬ ಸದ್ದಷ್ಟೇ, ಬಾಯಲ್ಲಿ ಟಾರ್ಚ್ ಇಲ್ಲದಿದ್ದರೂ. ಹೊರಗೆ ಬಂದು ಕೂತಾಗ ಕಣ್ಣು ಕೆಂಪಗಿದೆ. ಸೋಲ್ಡರಿನ ಹೊಗೆ ಎನ್ನುತ್ತಾರೆ.

ಮುಂದೇನು ಆಸೆ ಎಂದು ಕೇಳಿದರೆ ಕಾಲಿನ ಹೆಬ್ಬೆರಳಿನ ಟೇಪು ಬಿಗಿಮಾಡಿಕೊಳ್ಳುತ್ತಾರೆ. ಬೋರ್ಡಿನಲ್ಲಿ ಹೆಸರು? ಬೇಡವಂತೆ, ಬಣ್ಣ ಬಳಿಯೋ ಕೆಲಸವೂ ತಮ್ಮ ತಲೆಗೇ ಬರುತ್ತದಂತೆ.

“ಒಂದು ದಿನ ಬೆನ್ನು ಹಾಸಿ ಮಲಗಬೇಕು” ಎನ್ನುತ್ತಾರೆ ಕೊನೆಗೆ. “ಕಣ್ಣು ಬಿಟ್ರೆ ಮೇಲೆ ಯಾವ ಗಾಡಿನೂ ಇರಬಾರದು.”