ಎರಡು ಹಗ್ಗಗಳ ಬಾವಿ

ಹುಮನಾಬಾದಿನಿಂದ ಚಿಟಗುಪ್ಪಕ್ಕೆ ಹೋಗುವ ರಸ್ತೆಯಲ್ಲಿ ಒಂದು ಮುಚ್ಚಿದ ಕಾರ್ಖಾನೆ ಇದೆ. ಔಷಧಿಗೂ ಬಣ್ಣಕ್ಕೂ ಬೇಕಾಗುವ ದ್ರಾವಣಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಅದರ ಹಿಂದಿನ ಕೆಂಪು ಮರಡಿಯ ಇಳಿಜಾರಿಗೆ ಅರವತ್ತು ಮನೆಗಳ ಒಂದು ಊರು. ಆ ಊರಿನ ಧಮ್ಮಪಾಲನಿಗೆ ಐವತ್ತೈದನೇ ವಯಸ್ಸಿನಲ್ಲಿ ಒಂದು ಹೊಸ ಕೆಲಸ ಸಿಕ್ಕಿತು. ಊರಿನ ಕೆಟ್ಟುಹೋದ ಅಂತರ್ಜಲವನ್ನು ಸರಿಪಡಿಸಲು ಬಂದಿದ್ದ ತಂಡಕ್ಕೆ ಸ್ಥಳೀಯನೊಬ್ಬ ಬೇಕಾಗಿದ್ದ. ಹೊಸದಾಗಿ ಕೊರೆದ ಪರೀಕ್ಷಾ ಬೋರುಗಳ ಒಳಗೆ ತೆಳ್ಳನೆಯ ಕೊಳವೆಯಂಥ ಪಾತ್ರೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಬೇಕು, ನೀರು ತುಂಬಿದ ಮೇಲೆ ಎಳೆದು ಸೀಸೆಗೆ ಸುರಿಯಬೇಕು, ತಾರೀಖಿನ ಚೀಟಿ ಅಂಟಿಸಬೇಕು. ಇಷ್ಟೇ ಕೆಲಸ.

ಧಮ್ಮಪಾಲ ತಾನಾಗಿಯೇ ಹೋಗಿ ಆ ಕೆಲಸ ಕೇಳಿದನೆಂದಾಗ ಅವನ ಹೆಂಡತಿ ಸರ್ವರಿ ನಂಬಲಿಲ್ಲ. ಇಪ್ಪತ್ತು ವರ್ಷಗಳಿಂದ ಅವನು ಹಗ್ಗ ಮುಟ್ಟಿದವನಲ್ಲ. ಎಮ್ಮೆ ಕಟ್ಟುವುದಿದ್ದರೂ ಅವಳೇ ಕಟ್ಟಬೇಕು. ಹೊಲದಲ್ಲಿ ಯಾರಾದರೂ ಬಾವಿಯಿಂದ ನೀರು ಸೇದುತ್ತಿದ್ದರೆ ಅವನು ಸುತ್ತುಹಾಕಿ ಬೇರೆ ದಾರಿಯಿಂದ ಮನೆಗೆ ಬರುತ್ತಿದ್ದ. ಯಾಕೆಂದು ಅವಳು ಕೇಳಿದ್ದಳು. ಕೈ ನಡುಗುತ್ತದೆ ಎಂದಿದ್ದ, ಅಷ್ಟೇ.

ಕೆಲಸಕ್ಕೆ ಸೇರಿದ ನಿಜವಾದ ಕಾರಣವನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ. ಈ ಜನ ಎಲ್ಲಿ ಅಗೆಯುತ್ತಾರೆ ಎಂಬುದು ಅವನಿಗೆ ಮೊದಲೇ ತಿಳಿಯಬೇಕಾಗಿತ್ತು.

ಇಪ್ಪತ್ತೊಂದು ವರ್ಷಗಳ ಹಿಂದೆ ಅವನು ಆ ಕಾರ್ಖಾನೆಯಲ್ಲಿ ದಿನಗೂಲಿಗೆ ಹೋಗುತ್ತಿದ್ದ. ಜೋಡಿಯಾಗಿ ಕೆಲಸ ಮಾಡುತ್ತಿದ್ದವನು ದತ್ತಾತ್ರಿ. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವನು, ಮಾತು ಕಡಿಮೆ, ಬುತ್ತಿ ಬಿಚ್ಚಿದರೆ ಮೊದಲ ತುತ್ತನ್ನು ಧಮ್ಮಪಾಲನಿಗೆ ಕೊಡುವವನು. ಆ ವರ್ಷ ಶ್ರಾವಣದಲ್ಲಿ ಮೇಲ್ವಿಚಾರಕ ಸಂಜೀವಕುಮಾರ ಅವರಿಬ್ಬರನ್ನೂ ಇನ್ನಿಬ್ಬರನ್ನೂ ಟ್ರ್ಯಾಕ್ಟರಿನಲ್ಲಿ ಮರಡಿಯ ಮೇಲಕ್ಕೆ ಕರೆದೊಯ್ದ. ಅಲ್ಲೊಂದು ಬಾವಿಯಿತ್ತು. ಯಾವುದೋ ಬರಗಾಲದ ವರ್ಷ ತೋಡಿ, ನೀರು ಬೀಳದೆ ಬಿಟ್ಟದ್ದು. ಸುತ್ತ ಜಾಲಿ ಬೆಳೆದು ಊರವರು ಅದನ್ನು ಮರೆತೇಬಿಟ್ಟಿದ್ದರು. ಕಾರ್ಖಾನೆಯಲ್ಲಿ ಉಳಿದ ಕೊಳಕು ದ್ರಾವಣ ತುಂಬಿದ ಡ್ರಮ್ಮುಗಳನ್ನು ಅದರೊಳಗೆ ಇಳಿಸಿ ಮುರುಮ ಮಣ್ಣು ಹಾಕಿ ಮುಚ್ಚುವುದು ಆ ದಿನದ ಕೆಲಸ.

ಹದಿನೆಂಟು ಡ್ರಮ್ಮು ಇಳಿದವು. ಹತ್ತೊಂಬತ್ತನೆಯದು ಗೋಡೆಗೆ ಸಿಕ್ಕಿಕೊಂಡು ಓರೆಯಾಗಿ ನಿಂತಿತು.

"ಅದು ನೆಟ್ಟಗ ಕುಂದರಲಿಲ್ಲಂದ್ರ ಉಳಿದವು ಹಿಡಿಯಂಗಿಲ್ಲ. ಒಬ್ಬಾಂವ ಇಳೀರಿ" ಎಂದ ಸಂಜೀವಕುಮಾರ.

ದತ್ತಾತ್ರಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. "ನೀ ಹಿಡಿ, ಧಮ್ಮಪಾಲ. ನಾ ಹೋಗಿ ಬರ್ತೀನಿ."

ಉಳಿದ ಇಬ್ಬರು ಟ್ರ್ಯಾಕ್ಟರಿನ ಬಳಿ ಡ್ರಮ್ಮು ಉರುಳಿಸುತ್ತಿದ್ದರು. ಧಮ್ಮಪಾಲನ ಎಡಗೈಯಲ್ಲಿ ದತ್ತಾತ್ರಿಯ ಸೊಂಟದ ಹಗ್ಗ, ಬಲಗೈಯಲ್ಲಿ ಡ್ರಮ್ಮಿಗೆ ಕಟ್ಟಿದ ಹಗ್ಗ. ಕೆಳಗಿನಿಂದ ಎದೆ ಹಿಂಡುವಂಥ ಘಾಟು ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ದತ್ತಾತ್ರಿ "ಜಗ್ಗು" ಎಂದ. ಕೂಗಲಿಲ್ಲ, ಪಕ್ಕದಲ್ಲಿ ಕುಳಿತವನಿಗೆ ಹೇಳುವಷ್ಟು ಮೆಲ್ಲಗೆ ಅಂದ. ಡ್ರಮ್ಮು ನೆಟ್ಟಗಾಗಲು ಎಳೆ ಎನ್ನುತ್ತಿದ್ದಾನೆಂದು ತಿಳಿದು ಧಮ್ಮಪಾಲ ಬಲಗೈಯ ಹಗ್ಗವನ್ನು ಎಳೆದ. ಡ್ರಮ್ಮು ಗೋಡೆಗೆ ಬಡಿದು ಮುಚ್ಚಳ ಕಿತ್ತುಹೋಯಿತು. ಆಮೇಲೆ ಒಳಗಿನಿಂದ ಏನೂ ಕೇಳಲಿಲ್ಲ. ಎಡಗೈಯ ಹಗ್ಗ ಎಳೆದಾಗ ಅದು ಬರೀ ಭಾರವಾಗಿತ್ತು.

ನಾಲ್ವರೂ ಸೇರಿ ಅವನನ್ನು ಮೇಲೆ ತಂದರು. ಉಸಿರಿರಲಿಲ್ಲ. ಸಂಜೀವಕುಮಾರ ಸೊಂಟದ ಹಗ್ಗವನ್ನು ಬಿಚ್ಚಿಸಿ ಬಾವಿಗೆ ಎಸೆದ. ಉಳಿದ ಡ್ರಮ್ಮುಗಳನ್ನು ಇಳಿಸದೆಯೇ ಬಾವಿಗೆ ಮುರುಮ ತುಂಬಿಸಿದ.

"ಟ್ರ್ಯಾಕ್ಟರ್‌ದಾಗಿಂದ ಬಿದ್ದಾನ. ತಿಳೀತಿಲ್ಲೊ?" ಎಂದು ಎಲ್ಲರ ಮುಖ ನೋಡಿದ. ಆಮೇಲೆ ಧಮ್ಮಪಾಲನ ಹತ್ತಿರ ಬಂದ. "ಹಗ್ಗ ಹಿಡದಾಂವ ನೀನೇ ಇದ್ದಿ. ಕೇಸ್ ಆದ್ರ ಹೆಸರು ನಿಂದೇ ಬರ್ತದ."

ದತ್ತಾತ್ರಿಯ ಹೆಂಡತಿ ಮೀರಾಬಾಯಿಗೆ ಆ ಸುದ್ದಿ ಮುಟ್ಟಿಸಿದವನು ಧಮ್ಮಪಾಲನೇ. ಅವಳು ಬಸವಕಲ್ಯಾಣದ ಆಚೆಯ ಮಂಠಾಳದ ಮಗಳು, ಆಗ ಇಪ್ಪತ್ತೇಳು ವಯಸ್ಸು, ಪಕ್ಕದಲ್ಲಿ ಎಂಟು ವರ್ಷದ ಮಗಳು. ಟ್ರ್ಯಾಕ್ಟರಿನಿಂದ ಬಿದ್ದನೆಂದು ಅವನು ಹೇಳಿದ. ಅವಳು ಏನೂ ಕೇಳಲಿಲ್ಲ.

ಕಾರ್ಖಾನೆ ಆರು ವರ್ಷಗಳಲ್ಲಿ ಮುಚ್ಚಿತು. ಮಾಲೀಕರು ಎಲ್ಲಿ ಹೋದರೋ ತಿಳಿಯಲಿಲ್ಲ, ಸಂಜೀವಕುಮಾರನೂ ಊರು ಬಿಟ್ಟ. ಅದಾದ ಎರಡು ವರ್ಷಕ್ಕೆ ಊರಿನ ಬೋರುಗಳಲ್ಲಿ ನೀರು ಹಳದಿಯಾಯಿತು. ಮೊದಲು ಮೇಲಿನ ಓಣಿ, ಆಮೇಲೆ ಕೆಳಗಿನದು. ಕುದಿಸಿದರೆ ವಾಸನೆ ಇನ್ನೂ ಹೆಚ್ಚಾಗುತ್ತಿತ್ತು. ದನಗಳು ತೊಟ್ಟಿಗೆ ಬಾಯಿ ಹಾಕಿ ತಲೆ ಕೊಡವಿ ಹಿಂದೆ ಸರಿಯುತ್ತಿದ್ದವು. ಕುಡಿಯಲು ಟ್ಯಾಂಕರ್ ಬರತೊಡಗಿತು. ವಾರಕ್ಕೆರಡು ಸಲ ಬರುವ ಆ ನೀರು ಸ್ನಾನಕ್ಕೂ ಬಟ್ಟೆಗೂ ಸಾಲದೆ ಜನ ಬೋರಿನ ನೀರನ್ನೇ ಬಳಸಿದರು. ಧಮ್ಮಪಾಲ ಮಾತ್ರ ಆ ನೀರಲ್ಲಿ ಮುಖ ತೊಳೆಯಲಿಲ್ಲ. ಕೊಡದ ಒಳಗಿನಿಂದ ದತ್ತಾತ್ರಿಯ ಆ ಮೆಲುದನಿ ಅವನಿಗೆ ಕೇಳುತ್ತಿತ್ತು. ಹಗಲಿನಲ್ಲಿ, ಜನರ ನಡುವೆ, ಚಹಾ ಕುಡಿಯುತ್ತಿರುವಾಗಲೂ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಅವನ ಎಡಗೈ ತಾನಾಗಿಯೇ ಮುಷ್ಟಿ ಕಟ್ಟುತ್ತಿತ್ತು.

ತಂಡದ ಮುಖ್ಯಸ್ಥೆ ಅನುರಾಧಾ, ಕಲಬುರಗಿಯ ಕಡೆಯ ಭೂವಿಜ್ಞಾನಿ. ಮೂವತ್ತೈದರ ಆಸುಪಾಸು, ಬಿಸಿಲಿಗೆ ಸೆರಗನ್ನು ತಲೆಗೆ ಸುತ್ತಿಕೊಂಡು ಮರಡಿ ಹತ್ತುವವಳು. ವಿಷ ಕಾರ್ಖಾನೆಯ ಅಂಗಳದಿಂದಲೇ ನೆಲಕ್ಕಿಳಿದಿದೆ ಎಂಬ ಲೆಕ್ಕದಲ್ಲಿ ಅವಳು ಅಲ್ಲಿಯೇ ಏಳು ಬೋರು ಕೊರೆಸಿದಳು. ಧಮ್ಮಪಾಲ ಪಾತ್ರೆ ಇಳಿಸಿ ನೀರು ತೆಗೆದುಕೊಟ್ಟ. ಅಂಗಳದ ನೀರಿನಲ್ಲಿ ವಿಷ ಇತ್ತು, ಆದರೆ ಕಡಿಮೆ. ಊರಿನ ಮೇಲಿನ ಓಣಿಯ ಬೋರಿನಲ್ಲಿ ಅದಕ್ಕಿಂತ ನಲವತ್ತು ಪಟ್ಟು.

"ಇದು ತಾಳೆ ಆಗಾಕತ್ತಿಲ್ಲ, ಕಾಕಾ" ಎಂದಳು ಅವಳು ಒಂದು ಮಧ್ಯಾಹ್ನ, ನಕ್ಷೆಯನ್ನು ಜೀಪಿನ ಮೇಲೆ ಹರಡಿ. "ಎಲ್ಲೋ ಬ್ಯಾರೆ ಕಡೆಯಿಂದ ಇಳದು ಬರಾಕತ್ತದ. ಈ ಮಾರ್ಚ್ ತನಕ ಸಿಗಲಿಲ್ಲಂದ್ರ ಅಂಗಳದ ಮಣ್ಣಷ್ಟೇ ತೆಗೆದು ಕೆಲಸ ಮುಗಸ್ತಾರ."

"ಹಂಗಾದ್ರ ನೀರು?"

"ಮೂಲ ಒಳಗ ಇರೂತನಕ ನೀರು ಸುಧಾರಿಸೂದಿಲ್ಲ. ಇನ್ನೂ ಐವತ್ತು ವರ್ಷ ಹೋದ್ರೂ ಹೀಂಗ."

ಧಮ್ಮಪಾಲ ಮರಡಿಯ ಕಡೆ ನೋಡಲಿಲ್ಲ. ಇಷ್ಟು ದಿನ ಅವನು ಹಾರೈಸಿದ್ದೂ ಇದನ್ನೇ. ಇವರು ಬೇರೆಲ್ಲೋ ಅಗೆದು ಹೋಗಿಬಿಟ್ಟರೆ ಅವನ ಹೆಸರು ಯಾವತ್ತೂ ಹೊರಗೆ ಬರುವುದಿಲ್ಲ. ಆ ಸಂಜೆ ಊರಿಗೆ ಬರುವಾಗ ಮೀರಾಬಾಯಿಯ ಮೊಮ್ಮಗಳು ಸ್ನೇಹಲ ಬೋರಿನ ಕಟ್ಟೆಯ ಮೇಲೆ ಕಾಲು ತೊಳೆದುಕೊಳ್ಳುತ್ತಿದ್ದಳು. ಏಳು ವರ್ಷದ ಹುಡುಗಿ. ಮೊಣಕಾಲಿನ ಕೆಳಗೆ ಚರ್ಮ ಬಿರಿದು ಬಿಳಿಯ ಪಟ್ಟಿಗಳಾಗಿದ್ದವು. ಅವನನ್ನು ನೋಡಿ ನಕ್ಕಳು. ಆ ನಗೆ ಥೇಟ್ ದತ್ತಾತ್ರಿಯದು, ಒಂದು ಕಡೆಯ ತುಟಿಯಷ್ಟೇ ಮೇಲೇಳುವಂಥದ್ದು. ಧಮ್ಮಪಾಲ ಮನೆಗೆ ಬಂದವನು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗದೆ ಮೀರಾಬಾಯಿಯ ಮನೆಗೆ ಹೋದ. ಅವಳು ಅಂಗಳದಲ್ಲಿ ಕುಳಿತು ಮೊರದಲ್ಲಿ ತೊಗರಿ ಕೇರುತ್ತಿದ್ದಳು.

"ಬರ್ರಿ ಭಾವುಜಿ" ಎಂದಳು, ಮೊರ ನಿಲ್ಲಿಸದೆ, ಮೈದುನನನ್ನು ಕರೆಯುವ ಎಂದಿನ ರೀತಿಯಲ್ಲಿ.

ಅವನು ನಿಂತೇ ಹೇಳಿದ. "ವೈನಿ, ದತ್ತಾತ್ರಿ ಟ್ರ್ಯಾಕ್ಟರ್‌ದಾಗಿಂದ ಬಿದ್ದಿರಲಿಲ್ಲ."

"ಗೊತ್ತದ."

ಮೊರದ ಸದ್ದು ಹಾಗೆಯೇ ಇತ್ತು.

"ಜಳಕ ಮಾಡಿಸಿದಾಕಿ ನಾನೇ ಅಲ್ಲೇನ್ರಿ" ಎಂದಳು ಮೀರಾಬಾಯಿ. "ಮೈಮ್ಯಾಲ ಒಂದು ಗಾಯ ಇರಲಿಲ್ಲ. ಸೊಂಟಕ್ಕ ಹಗ್ಗದ ಬರೆ ಇತ್ತು. ಕೂದಲದಾಗ ಒಂಥರಾ ವಾಸನಿ, ಮೂರು ಸರ್ತಿ ತೊಳದ್ರೂ ಹೋಗಲಿಲ್ಲ. ಎಂಟು ವರ್ಷದ ಮ್ಯಾಲ ಅದೇ ವಾಸನಿ ಬೋರಿನ ನೀರಾಗ ಬಂತು. ಊರವರೆಲ್ಲ ಮೂಗು ಮುಚ್ಚಿಕೊಂಡ್ರು. ನಾ ಕೊಡಾ ಮುಂದಿಟ್ಟಕೊಂಡು ಕುಂತೆ. ಅಂವ ಮನೀಗಿ ಬಂದಾನ ಅನಸ್ತು."

"ಮತ್ತ ನೀವು ಯಾಕ ಕೇಳಲಿಲ್ರಿ ನನಗ?"

"ನೀವಾಗೇ ಹೇಳ್ತೀರಿ ಅಂತ ಕಾದೆ."

ಅವನು ಆಗ ಕುಳಿತುಕೊಂಡ. ಬಾವಿ, ಡ್ರಮ್ಮು, ಸಂಜೀವಕುಮಾರನ ಮಾತು, ಎಲ್ಲವನ್ನೂ ಹೇಳಿದ. ಹಗ್ಗದ ವಿಷಯ ಒಂದನ್ನು ಬಿಟ್ಟು. ಅವಳು ಮೊರ ಕೆಳಗಿಟ್ಟು ಕೇಳಿದಳು.

"ಕಡೀಕ ಅಂವ ಏನರ ಅಂದನೇನು?"

ಏನೂ ಅನ್ನಲಿಲ್ಲ ಎಂದುಬಿಡಬಹುದಾಗಿತ್ತು. ನಿಮ್ಮ ಹೆಸರು ಕರೆದ ಎಂದೂ ಹೇಳಬಹುದಾಗಿತ್ತು, ಅದರಿಂದ ಅವಳಿಗೆ ಸಮಾಧಾನವಾದರೂ ಆಗುತ್ತಿತ್ತು. ಎರಡೂ ಅವನ ನಾಲಿಗೆಯ ತುದಿಗೆ ಬಂದಿದ್ದವು.

"ಜಗ್ಗು ಅಂದ" ಎಂದ ಧಮ್ಮಪಾಲ. "ಎರಡು ಹಗ್ಗ ಇದ್ವು ನನ್ನ ಕೈಯಾಗ. ನಾ ಡ್ರಮ್ಮಿನ ಹಗ್ಗ ಜಗ್ಗಿದೆ."

ಮೀರಾಬಾಯಿ ಎದ್ದು ಮೊರವನ್ನು ಒಳಗಿಟ್ಟು ಬಂದು ಬಾಗಿಲಿನ ಚೌಕಟ್ಟಿಗೆ ಕೈಯೂರಿ ನಿಂತಳು.

"ಇದು ನನಗ ಗೊತ್ತಿರಲಿಲ್ಲ" ಎಂದಳು. ಭಾವುಜಿ ಎನ್ನಲಿಲ್ಲ. "ಹೋಗು. ಆ ಮೇಡಂಗ ಬಾವಿ ತೋರಿಸು."

ಅನುರಾಧಾ ಅವನ ಮಾತು ಕೇಳಿ ನಕ್ಷೆ ಕೈಗೆತ್ತಿಕೊಂಡಳು. ಅವನು ಮುಂದೆ, ಅವಳು ಹಿಂದೆ ಮರಡಿ ಹತ್ತಿದರು. ಜಾಲಿಯ ನಡುವೆ ಅವನು ಕಾಲಿನಿಂದಲೇ ಗೆರೆ ಎಳೆದು ಬಾವಿಯ ಸುತ್ತಳತೆ ತೋರಿಸಿದ. ಅಷ್ಟು ವರ್ಷಗಳಾದರೂ ಒಂದು ಗೇಣು ಹೆಚ್ಚುಕಡಿಮೆ ಆಗಿರಲಿಲ್ಲ.

ಪೊಲೀಸರು ಬಂದು ಅವನ ಹೇಳಿಕೆ ಬರೆದುಕೊಂಡರು. ಹದಿನೈದು ದಿನಗಳ ಮೇಲೆ ಜೆಸಿಬಿ ಬಂತು. ಬಿಳಿ ಉಡುಪು, ಮುಖಕ್ಕೆ ಗವಸು ಹಾಕಿದ ಆಳುಗಳು ಮುರುಮ ತೆಗೆದರು. ಹನ್ನೆರಡು ಅಡಿಗೆ ವಾಸನೆ ಎದ್ದಿತು. ಅಡ್ಡಲಾಗಿ ಹಗ್ಗ ಕಟ್ಟಿ ಊರವರನ್ನು ದೂರ ನಿಲ್ಲಿಸಿದ್ದರು. ಮೀರಾಬಾಯಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮೂಗಿಗೆ ಸೆರಗು ಇಟ್ಟುಕೊಳ್ಳಲಿಲ್ಲ. ತುಕ್ಕು ಹಿಡಿದು ಹರಿದ ಡ್ರಮ್ಮುಗಳು ಒಂದೊಂದಾಗಿ ಬಂದವು, ಎಣಿಸಿದರೆ ಹತ್ತೊಂಬತ್ತು. ಅವುಗಳ ಮೇಲಿನಿಂದಲೇ ಕೆಸರಿನ ಜೊತೆ ಒಂದು ನೈಲಾನ್ ಹಗ್ಗ ಬಂತು. ಬಣ್ಣ ಹೋಗಿತ್ತು, ಗಂಟು ಗಟ್ಟಿಯಾಗಿಯೇ ಇತ್ತು. ಮೀರಾಬಾಯಿ ಅದನ್ನು ಕೇಳಿದಳು. ವಿಷ ಹಿಡಿದದ್ದನ್ನು ಯಾರಿಗೂ ಕೊಡುವಂತಿಲ್ಲ ಎಂದಳು ಅನುರಾಧಾ. ಹಗ್ಗವೂ ಮಣ್ಣಿನ ಜೊತೆ ಪ್ಲಾಸ್ಟಿಕ್ ಹಾಸಿದ ಲಾರಿಯಲ್ಲಿ ಹೋಯಿತು. ರಸ್ತೆಯ ತಿರುವಿನಲ್ಲಿ ಲಾರಿ ಮರೆಯಾಗುವವರೆಗೆ ಅವಳು ನಿಂತಿದ್ದಳು.

ನೀರಿನ ಕೆಲಸ ಅಲ್ಲಿಂದ ಮುಂದೆ ಶುರುವಾಯಿತು. ಮರಡಿಯ ಬುಡದಲ್ಲಿ ಆರು ಪಂಪು ಕೂರಿಸಿದರು. ಅವು ಕೆಟ್ಟ ನೀರನ್ನು ಹಗಲಿರುಳು ಮೇಲೆತ್ತುತ್ತವೆ, ಎತ್ತರದ ತೊಟ್ಟಿಯಲ್ಲಿ ಗಾಳಿ ಊದಿ, ಇದ್ದಿಲಿನ ಪದರಗಳ ಮೂಲಕ ಹಾಯಿಸಿ ಮತ್ತೆ ನೆಲಕ್ಕೆ ಬಿಡುತ್ತವೆ. ಧಮ್ಮಪಾಲನನ್ನು ಕೆಲಸದಿಂದ ತೆಗೆಯಬೇಕೆಂದು ಊರಿನಲ್ಲಿ ಕೆಲವರು ಹೇಳಿದರು. ಸರ್ವರಿಯ ಜೊತೆ ಎರಡು ಓಣಿಯ ಹೆಂಗಸರು ಮಾತು ಬಿಟ್ಟರು. ಅನುರಾಧಾ ಅವನನ್ನು ಇಟ್ಟುಕೊಂಡಳು. ಪ್ರತಿ ತಿಂಗಳು ಅವನು ನೀರು ತೆಗೆಯುತ್ತಾನೆ. ಎರಡು ವರ್ಷಗಳಲ್ಲಿ ಮೇಲಿನ ಓಣಿಯ ಬೋರಿನ ವಿಷ ಅರ್ಧಕ್ಕೆ ಇಳಿದಿದೆ. ಕುಡಿಯುವಂತಾಗಲು ಇನ್ನೂ ಹತ್ತು ಹನ್ನೆರಡು ವರ್ಷ ಬೇಕಂತೆ. ಸ್ನಾನಕ್ಕೆಂದು ಪೈಪಿನ ನೀರು ಬಂದ ಮೇಲೆ ಸ್ನೇಹಲಳ ಕಾಲು ಮಾಗುತ್ತಿದೆ. ಆ ಮೆಲುದನಿ ಮಾತ್ರ ಅವನನ್ನು ಬಿಟ್ಟಿಲ್ಲ. ಹೇಳಿಬಿಟ್ಟರೆ ಹೋಗುತ್ತದೆ ಎಂದು ಅವನು ಒಳಗೊಳಗೇ ನಂಬಿದ್ದ. ಹೋಗಲಿಲ್ಲ. ಈಗ ಅದು ಕೇಳಿದಾಗ ಅವನು ಕೆಲಸ ನಿಲ್ಲಿಸಿ ನಿಲ್ಲುತ್ತಾನೆ, ಆಮೇಲೆ ಮುಂದುವರಿಸುತ್ತಾನೆ.

ಮೀರಾಬಾಯಿ ಅವನ ಜೊತೆ ಮಾತಾಡುವುದನ್ನು ಬಿಟ್ಟಿದ್ದಳು. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಪಂಪಿನ ಮನೆಯ ಹತ್ತಿರ ಬಂದಳು. ಗಂಡನ ಸಾವಿನ ಕಾರಣವನ್ನು ಕಾಗದದಲ್ಲಿ ತಿದ್ದಿಸಬೇಕು, ಅದಕ್ಕೆ ನೋಡಿದವನೊಬ್ಬ ಪ್ರಮಾಣ ಮಾಡಿ ಸಹಿ ಹಾಕಬೇಕೆಂದು ವಕೀಲರು ಹೇಳಿದ್ದರಂತೆ. ಇಬ್ಬರೂ ಹುಮನಾಬಾದಿಗೆ ಒಂದೇ ಬಸ್ಸಿನಲ್ಲಿ ಹೋದರು. ಅವಳು ಮುಂದೆ, ಅವನು ಹಿಂದೆ.

ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತಿದ್ದ ನೋಟರಿ ಎಲ್ಲವನ್ನೂ ಓದಿ ಹೇಳಿದರು. ಎರಡು ಹಗ್ಗದ ಸಾಲು ಬಂದಾಗ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಓದಿದರು. ಕಡೆಗೆ ಒಂದು ಜಾಗ ಖಾಲಿ ಉಳಿದಿತ್ತು.

"ಸತ್ತವರಿಗೆ ನೀವು ಏನಾಗಬೇಕ್ರಿ?"

ಧಮ್ಮಪಾಲ ಆ ಖಾಲಿ ಜಾಗವನ್ನೇ ನೋಡಿದ. ನೋಟರಿ ಪೆನ್ನು ಹಿಡಿದು ಕಾದರು.

"ಜೋಡಿದಾರ" ಎಂದಳು ಮೀರಾಬಾಯಿ ಹಿಂದಿನಿಂದ. "ಜೋಡಿದಾರ ಅಂತ ಬರಕೊಳ್ರಿ."

ಅವರು ಬರೆದುಕೊಂಡರು. ಧಮ್ಮಪಾಲ ಸಹಿ ಹಾಕಿದ. ಅವಳು ಕಾಗದವನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮಂಠಾಳದ ತವರಿಗೆ ಹೋಗುವುದಿದೆ ಎಂದು ಬಸವಕಲ್ಯಾಣದ ಬಸ್ಸು ಹಿಡಿದಳು. ಅವನು ಚಿಟಗುಪ್ಪದ ಬಸ್ಸು ಹತ್ತಿ ಊರಿಗೆ ಬಂದ. ಕರೆಂಟು ಹೋಗಿ ನಾಲ್ಕನೇ ಪಂಪು ನಿಂತಿತ್ತು. ಅದನ್ನು ಚಾಲೂ ಮಾಡಿ, ನಿಂತಿದ್ದ ಹೊತ್ತನ್ನು ವಹಿಯಲ್ಲಿ ಬರೆದ.