ನಮ್ಮ ಮನೆಯ ಸೆಟ್ಟುಗಳು

ನನ್ನ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಸೆಟ್ಟು ಮಾತ್ರ ಬರುತ್ತಿತ್ತು. ಆ ಒಂದು ಪದ ಇಟ್ಟುಕೊಂಡು ಚಾಮರಾಜಪೇಟೆಯಲ್ಲಿ ಇಡೀ ಸಂಸಾರ ತೂಗಿಸಬಹುದಿತ್ತು. ಮುಂದಿನ ಕೋಣೆಯ ರೇಡಿಯೋ ಒಂದು ಸೆಟ್ಟು. ಭಾನುವಾರ ಹೋಟೆಲಿನಿಂದ ಎಲೆಯಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದ, ಒಂದರ ಮೇಲೊಂದು ಮಲಗಿದ ಮೆತ್ತನೆಯ ದೋಸೆ ಇನ್ನೊಂದು ಸೆಟ್ಟು. ಬೀದಿಯಲ್ಲಿ ಕುಂಟೆಬಿಲ್ಲೆ ಆಡುವ ಹುಡುಗಿಯರಾದ ನಮ್ಮದು ಒಂದು ಸೆಟ್ಟಾದರೆ, ನಮ್ಮೊಡನೆ ಟೂ ಬಿಟ್ಟವರದು ಬೇರೆ ಸೆಟ್ಟು. ಬಚ್ಚಲಿಗೆ ಹೊಸದಾಗಿ ಸಿಮೆಂಟು ಹಾಕಿಸಿದಾಗ ಅಜ್ಜಿ ಬಾಗಿಲಲ್ಲೇ ಕಾವಲು ಕುಳಿತು, "ಕಾಲಿಡ್ಬೇಡ್ರೇ, ಇನ್ನೂ ಸೆಟ್ಟಾಗಿಲ್ಲ" ಎಂದು ನಮ್ಮನ್ನು ಓಡಿಸುತ್ತಿದ್ದರು. ಇಷ್ಟೆಲ್ಲ ಬೇರೆ ಬೇರೆ ಅರ್ಥಗಳೆಂದು ಅವರಿಗೆ ಅನಿಸಿದ್ದೇ ಇಲ್ಲ.

ಪದ ಮನೆಗೆ ಬಂದದ್ದು ಅಪ್ಪನ ಅಂಗಡಿಯಿಂದ ಇರಬೇಕು. ಪೇಟೆಯಲ್ಲಿ ಅಪ್ಪನದು ಪಾತ್ರೆ ವ್ಯಾಪಾರ. ಡಬ್ಬಿ ಸೆಟ್ಟು, ಲೋಟದ ಸೆಟ್ಟು, ಮದುವೆಗೆ ಕೊಡುವ ದೊಡ್ಡ ಸೆಟ್ಟು. ಸೆಟ್ಟಿನಲ್ಲಿ ಒಂದು ಕಡಿಮೆಯಾದರೆ ಉಳಿದದ್ದನ್ನು ಯಾರೂ ಮೂಸುವುದಿಲ್ಲ ಎನ್ನುವುದು ಅಪ್ಪನ ವೇದಾಂತ. ಹಾಗೆ ಉಳಿದವು ನಮ್ಮ ಅಡುಗೆಮನೆಗೆ ಬರುತ್ತಿದ್ದವು. ಯಾವ ಮುಚ್ಚಳವೂ ಯಾವ ಡಬ್ಬಿಗೂ ಕೂರುತ್ತಿರಲಿಲ್ಲ. ಪಾತ್ರೆಯವರ ಮನೆಯಲ್ಲಿ ಪಾತ್ರೆಗೇ ಗತಿಯಿಲ್ಲ ಎಂದು ಅಮ್ಮ ಸಿಡುಕುತ್ತಿದ್ದಳು.

ಅಂಗಡಿಯ ಈ ವೇದಾಂತವನ್ನು ಅಪ್ಪ ಸ್ವಂತ ತಂಗಿಯ ಮೇಲೂ ಹೇರಿದರಲ್ಲ, ಅದಕ್ಕೆ ಮಾತ್ರ ನನಗೆ ಇವತ್ತಿಗೂ ಸಿಟ್ಟು. ಅತ್ತೆ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ನಗುವುದಕ್ಕೂ ನಗಿಸುವುದಕ್ಕೂ ಅವಳೇ ಬೇಕು. ಜೋಡಿ ಇಲ್ಲದ ಹೆಂಗಸು ಅರ್ಧ ಹೆಂಗಸು ಎಂದುಕೊಂಡಿದ್ದ ಅಪ್ಪ ತಿಂಗಳಿಗೊಮ್ಮೆಯಾದರೂ ಹೆಣ್ಣು ನೋಡುವವರನ್ನು ಕರೆತರುತ್ತಿದ್ದರು. ಆಗ ಬೀರುವಿನಿಂದ ಪಿಂಗಾಣಿ ಕಪ್ಪಿನ ಸೆಟ್ಟು ಹೊರಗೆ ಬರುತ್ತಿತ್ತು, ಅತ್ತೆಯ ಮೈಮೇಲೆ ಕೆಂಪು ಕಲ್ಲಿನ ಓಲೆ, ಕೊರಳ ಅಡ್ಡಿಕೆಯ ಸೆಟ್ಟು ಏರುತ್ತಿತ್ತು. ಬಂದವರು ಕೇಸರಿಬಾತು ತಿಂದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಏಳುತ್ತಿದ್ದರು.

"ಬಸವನಗುಡಿಯೋರು ಯಾವೂರಿಗೆ ಹೋಗಿ ಕಾಗದ ಬರೀತಾರಂತೆ?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳುತ್ತಿದ್ದಳು. ನಾನು ನಕ್ಕು ಬೈಸಿಕೊಳ್ಳುತ್ತಿದ್ದೆ.

ಮಾರನೆಯ ದಿನ ಬೀದಿಯ ಹೆಂಗಸರು ಹೂವಿನವಳ ಹತ್ತಿರ ನಿಂತು, "ಸೆಟ್ಟಾಯ್ತೇನ್ರೀ ಮಗಳಿಗೆ?" ಎನ್ನುವರು. "ಇನ್ನೂ ಸೆಟ್ಟಾಗಿಲ್ಲ" ಎಂದು ಅಜ್ಜಿ ಒಳಗೆ ಬಂದುಬಿಡುವರು. ಅತ್ತೆಯ ವಿಷಯದಲ್ಲಿ ಆ ಪದಕ್ಕೆ ಯಾವಾಗಲೂ 'ಇಲ್ಲ' ಅಂಟಿಕೊಂಡೇ ಇರುತ್ತಿತ್ತು.

ಒಂದು ಸಂಜೆ, ಹಾಗೆ ಬಂದವರು ಎದ್ದುಹೋದ ಮೇಲೆ ಕಪ್ಪು ತೊಳೆಯುತ್ತಾ ಅತ್ತೆ ಕಡ್ಡಿ ಮುರಿದಂತೆ ಹೇಳಿದಳು: "ಅಣ್ಣ, ಇನ್ಮೇಲೆ ಯಾರನ್ನೂ ಕರೀಬೇಡ. ಮಲ್ಲೇಶ್ವರದಲ್ಲಿ ಒಂದು ರೂಮ್ ನೋಡಿದೀನಿ, ಅಲ್ಲಿಗೆ ಹೋಗ್ತೀನಿ."

ಒಂಟಿ ಹೆಂಗಸಿಗೆ ಬಾಡಿಗೆಗೆ ಕೊಡುವವರೇ ಅಪರೂಪವಾಗಿದ್ದ ಕಾಲ ಅದು. ಅಪ್ಪ ಕೂಗಾಡಿದರು. "ಜನ ಏನಂತಾರೆ?"

"ಜನ ಇಷ್ಟು ವರ್ಷ ಕೇಸರಿಬಾತ್ ತಿಂದ್ರಲ್ಲ ಅಣ್ಣ, ಇನ್ನೂ ಏನು ಬೇಕಂತೆ ಅವ್ರಿಗೆ?"

ಹೋಗುವ ಮೊದಲು ಅತ್ತೆ ಅಜ್ಜಿಯ ಹತ್ತಿರ ಒಂದೇ ಒಂದು ವಸ್ತು ಕೇಳಿದಳು, ಪಟ್ಟದ ಗೊಂಬೆ. ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಈ ಮರದ ರಾಜ ರಾಣಿಯದು. ದಶಾವತಾರದ ಸೆಟ್ಟು, ಮದುವೆ ದಿಬ್ಬಣದ ಸೆಟ್ಟು ಇವನ್ನೆಲ್ಲ ಗಾಂಧಿ ಬಜಾರಿನಲ್ಲಿ ಯಾರು ಬೇಕಾದರೂ ಕೊಂಡು ತರಬಹುದು. ಪಟ್ಟದ ಗೊಂಬೆಯನ್ನು ಮಾತ್ರ ಮದುವೆಯಲ್ಲಿ ತಾಯಿ ಮಗಳಿಗೆ ಕೊಡಬೇಕು. ಅದು ಕೈಗೆ ಬಂದ ಮೇಲೇ ಅವಳಿಗೊಂದು ಮನೆ ಆಯಿತೆಂದು ಅರ್ಥ. ಅತ್ತೆ ಲಂಗ ಉಡುತ್ತಿದ್ದಾಗಲೇ ಅಜ್ಜಿ ಅವಳಿಗೆಂದು ಒಂದು ಜೋಡಿ ತರಿಸಿ, ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು.

"ಮದುವೆ ಇಲ್ದೆ ಹೇಗ್ ಕೊಡ್ಲೇ?" ಎಂದರು ಅಜ್ಜಿ.

"ಮನೆ ಇದೆಯಲ್ಲಮ್ಮ. ನಂದೇ ಮನೆ."

"ಅದು ಮನೆ ಅಲ್ಲ ಕಣೇ, ರೂಮು."

ಅತ್ತೆ ಮತ್ತೆ ಕೇಳಲಿಲ್ಲ. ಹಾಸಿಗೆ, ಸ್ಟೌವು, ಅಪ್ಪನಿಗೆ ಹೇಳದೆ ಅಮ್ಮ ಕೊಟ್ಟ ಹೊಸ ಡಬ್ಬಿಗಳನ್ನು ಆಟೋಗೆ ಏರಿಸಿಕೊಂಡು ಹೊರಟುಹೋದಳು.

ಆ ವರ್ಷದ ದಸರಾ ರಜೆಯಲ್ಲಿ ಹಟ ಹಿಡಿದು ನಾನು ಅವಳ ಜೊತೆ ಇರಲು ಹೋದೆ. ಅತ್ತೆ ಮೇಜು, ಪೆಟ್ಟಿಗೆ, ಮಣೆ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ ಮೆಟ್ಟಿಲು ಕಟ್ಟಿದ್ದಳು. ಗಾಂಧಿ ಬಜಾರಿನಿಂದ ಕೊಂಡು ತಂದ ಗೊಂಬೆಗಳು ಸಾಲಾಗಿ ಕೂತಿದ್ದವು. ಮೇಲಿನ ಮೆಟ್ಟಿಲು ಮಾತ್ರ ಖಾಲಿ. ಬೇರೆ ಯಾರಾದರೂ ಆಗಿದ್ದರೆ ಆ ಮೆಟ್ಟಿಲನ್ನೇ ತೆಗೆದುಬಿಡುತ್ತಿದ್ದರು.

"ಅಲ್ಲಿ ಗಣಪತಿ ಇಡೋಣ ಅತ್ತೆ," ಎಂದೆ.

"ಅದು ಅವನ ಜಾಗ ಅಲ್ಲ ಪುಟ್ಟಿ."

ಸಂಜೆಯಾದರೆ ಬೀದಿಯ ಮಕ್ಕಳು ಗುಂಪು ಕಟ್ಟಿಕೊಂಡು, "ಗೊಂಬೆ ಕೂರ್ಸಿದೀರೇನ್ರೀ?" ಎಂದು ಮನೆಮನೆಯ ಬಾಗಿಲಲ್ಲಿ ಕೂಗುತ್ತಿದ್ದರು. ಕೂರಿಸಿದವರು ಅವರ ಕೈಗೆ ಚಕ್ಕುಲಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಹಾಕಬೇಕು. ಅತ್ತೆಯ ರೂಮಿಗೂ ಬಂದರು. ಎರಡು ಜಡೆಯ ಹುಡುಗಿಯೊಬ್ಬಳು ಗೊಂಬೆಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಆಂಟಿ, ರಾಜ ರಾಣಿ ಎಲ್ಲಿ?" ಎಂದಳು.

"ಬರ್ತಾರೆ," ಎಂದಳು ಅತ್ತೆ. ಆ ಹುಡುಗಿಗೆ ಮಿಠಾಯಿ ಒಂದು ಹೆಚ್ಚೇ ಕೊಟ್ಟಳು. ನನಗೆ ಅವಳ ಜಡೆ ಹಿಡಿದು ಎಳೆಯಬೇಕು ಎನ್ನುವಷ್ಟು ಕೋಪ ಬಂತು. ಮಕ್ಕಳು ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಅತ್ತೆಯೂ ಒಳಗೊಳಗೆ ಅಳುತ್ತಿದ್ದಳೋ ಏನೋ, ಗೊತ್ತಾಗಲಿಲ್ಲ.

ಸರಸ್ವತಿ ಪೂಜೆಯ ದಿನ ಮಧ್ಯಾಹ್ನ ಅಮ್ಮ ಅಜ್ಜಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಳು. ಅಜ್ಜಿಯ ಕಂಕುಳಲ್ಲಿ ಟ್ರಂಕಿನ ಆ ಹಳೆಯ ಪಂಚೆಯ ಗಂಟು. ಹೊಸಿಲಲ್ಲೇ ನಿಂತು ಅವರು ಸ್ಟೌವು, ಸುತ್ತಿಟ್ಟ ಹಾಸಿಗೆ, ಕಿಟಕಿಗೆ ಕಟ್ಟಿದ ಹಳೆಯ ಸೀರೆಯ ಪರದೆ ಎಲ್ಲವನ್ನೂ ನೋಡಿದರು.

"ಎಲ್ಲಾ ಸೆಟ್ ಮಾಡ್ಕೊಂಡ್ಬಿಟ್ಟಿದೀಯಲ್ಲೇ," ಎಂದರು.

ಅತ್ತೆಯ ಬಗ್ಗೆ ಆ ಪದವನ್ನು 'ಇಲ್ಲ' ಸೇರಿಸದೆ ಅವರು ಆಡಿದ್ದು ಅದೇ ಮೊದಲು. ನನಗೆ ಕುಣಿಯಬೇಕು ಅನಿಸಿತು. ಆದರೆ ಅಜ್ಜಿ ಗಂಟನ್ನು ಅತ್ತೆಗೆ ಕೊಡಲಿಲ್ಲ, ಅಮ್ಮನ ಕೈಗೆ ಕೊಟ್ಟು, "ನೀನೇ ಕೊಡಮ್ಮ" ಎಂದು ಗೋಡೆಯ ಪಕ್ಕಕ್ಕೆ ಸರಿದು ನಿಂತರು. ಅಜ್ಜ ತೀರಿಕೊಂಡಾಗಿನಿಂದ ಅವರದು ಹೀಗೇ. ನಮ್ಮ ಮನೆಯ ಗೊಂಬೆಗಳನ್ನೂ ಮುಟ್ಟುತ್ತಿರಲಿಲ್ಲ, ಆರತಿಯ ಹೊತ್ತಿಗೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು.

ಅತ್ತೆ ಕೈ ಚಾಚಲಿಲ್ಲ. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಇದು ಅಮ್ಮನೇ ಕೊಡ್ಬೇಕು."

"ನಾನು ಕೊಡಬಾರ್ದು ಕಣೇ," ಎಂದರು ಅಜ್ಜಿ. "ಅವತ್ತು ಮದುವೆ ಇಲ್ಲಾಂತ ಮಾತ್ರಾನೇ ಬೇಡ ಅಂದೆ ಅಂದ್ಕೊಂಡ್ಯಾ? ಬರೀ ಹಣೆಯೋಳ ಕೈಯಿಂದ ತಗೊಂಡು ನಿನಗೇನಾದ್ರೂ ಕೆಟ್ಟದಾದ್ರೆ?"

"ಏನಮ್ಮ ಆಗುತ್ತೆ ನನಗೆ? ಗಂಡ ಸಾಯ್ತಾನಾ?"

ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಅಜ್ಜಿ ಮಗಳನ್ನೇ ನೋಡುತ್ತಾ ನಿಂತರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬಂದದ್ದು ನಗು. ಮೊದಲು ಮೂಗಿನಲ್ಲೇ ಬಂತು, ಆಮೇಲೆ ತಡೆಯಲಾಗದೆ ಅಲ್ಲೇ ನೆಲದ ಮೇಲೆ ಕುಳಿತು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ನಗು ನಿಂತಿತು, ನೀರು ಮಾತ್ರ ನಿಲ್ಲಲಿಲ್ಲ.

ಅತ್ತೆ ಪಕ್ಕದಲ್ಲಿ ಕುಳಿತಳು. ಅಜ್ಜಿ ಅಮ್ಮನಿಂದ ಗಂಟು ವಾಪಸು ತೆಗೆದುಕೊಂಡು, ಬಿಚ್ಚಿ, ರಾಜ ರಾಣಿಯನ್ನು ಸೆರಗಿನಲ್ಲಿ ಒರೆಸಿ, ಮಗಳ ಮಡಿಲಿಗೆ ಹಾಕಿದರು. ನಂತರ ಇಬ್ಬರೂ ಸೇರಿ ಮೇಲಿನ ಮೆಟ್ಟಿಲಲ್ಲಿ ಕೂರಿಸಿದರು. ಕುಂಕುಮದ ಬಟ್ಟಲನ್ನು ನಾನೇ ತಂದು ಹಿಡಿದೆ. ಅಜ್ಜಿ ರಾಣಿಯ ಹಣೆಗೆ ಇಟ್ಟರು, ಅದೇ ಬೆರಳಿನಿಂದ ಅತ್ತೆಯ ಹಣೆಗೂ ಇಟ್ಟರು.

ಅಷ್ಟು ವರ್ಷ ಕುಂಕುಮ ಮುಟ್ಟದ ಕೈ, ಬೊಟ್ಟು ಸೊಟ್ಟಗಾಯಿತು. ಅಮ್ಮ ಸರಿ ಮಾಡಲು ಸೆರಗಿನ ತುದಿ ಹಿಡಿದು ಮುಂದೆ ಬಂದಳು.

"ಬೇಡ ಅತ್ತಿಗೆ, ಇರ್ಲಿ ಬಿಡಿ," ಎಂದು ಅತ್ತೆ ಹಣೆಯನ್ನು ಹಿಂದಕ್ಕೆ ಎಳೆದುಕೊಂಡಳು.