ಮಗಳ ತಲೆದೆಸೆಗೆ ಕೂತ ಬೀಗತಿ

ನಮ್ಮ ಬೀಗತಿಯ ಕಣ್ಣರೆಪ್ಪೆಗೆ ಅವಸರವೆಂಬುದೇ ಇರಲಿಲ್ಲ. ಮೆಲ್ಲಗೆ ಇಳಿದು, ಕ್ಷಣ ಹೊತ್ತು ಅಲ್ಲೇ ಕೂತು, ಮತ್ತೆ ಮೆಲ್ಲಗೆ ಏಳುತ್ತಿತ್ತು. ಎದುರಿಗೆ ಕೂತವರಿಗೆ ಆಕಳಿಕೆ ಬರುತ್ತಿತ್ತು. ಮಗಳ ಮದುವೆಯ ಮಾತುಕತೆಗೆ ಅವರು ಲಿಂಗಸುಗೂರಿನಿಂದ ಸಿಂಧನೂರಿನ ನಮ್ಮ ಮನೆಗೆ ಬಂದ ದಿನ, ನನ್ನ ಅಣ್ಣ ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸಿಬಿಟ್ಟ. "ಆ ಹೆಣ್ಮಗಳು ಮಾತಾಡಿದ್ರ ಹೊಲದಾಗಿನ ಎತ್ತೂ ಮಲಗ್ತಾವ" ಎಂದು ಆಮೇಲೆ ನಕ್ಕ. ನಾನು ನಗಲಿಲ್ಲ. ನನ್ನ ಎದುರು ಯಾರೂ ಎಂದೂ ತೂಕಡಿಸಿದ್ದಿಲ್ಲ.

ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ಸೀಟಿ ಊದಿದರೆ ಇಡೀ ಮೈದಾನ ಸಾಲಾಗಿ ನಿಲ್ಲಬೇಕು, ನಿಲ್ಲುತ್ತಿತ್ತು. ನಿವೃತ್ತಿಯ ನಂತರವೂ ಕೋಳಿ ಕೂಗುವ ಮೊದಲು ಏಳುತ್ತೇನೆ, ಹಾಸಿಗೆಯ ಸುಕ್ಕು ತೆಗೆಯುತ್ತೇನೆ, ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಗೋಡೆಗೆ ಸರಿಸಿ ಇಡುತ್ತೇನೆ. ಬೀಗತಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದರು. ಚಪ್ಪಲಿಯನ್ನು ಒಂದು ಹೊಸ್ತಿಲಲ್ಲಿ, ಇನ್ನೊಂದು ಅಂಗಳದಲ್ಲಿ ಬಿಡುವವರು. ಪರೀಕ್ಷೆ ಎಂದರೆ ಕೈ ನಡುಗುವ ಹುಡುಗಿಯರಿಗಾಗಿ ಸಂಮೋಹನ ಕಲಿತಿದ್ದರು. ಆಮೇಲೆ ಅದನ್ನೇ ಗರ್ಭಿಣಿಯರಿಗೆ ಹೇಳಿಕೊಡತೊಡಗಿದರು. ನೋವು ಕಡಿಮೆ ಮಾಡುವ ಸೂಜಿ ಚುಚ್ಚಿಸಿಕೊಳ್ಳದೆ, ಮೈ ಸಡಿಲ ಬಿಟ್ಟು ಹೆರಬಹುದು ಎನ್ನುತ್ತಿದ್ದರು. ನಾನು ಹಲ್ಲು ಕಚ್ಚಿ ಹೆತ್ತವಳು. ಹೆರಲು ಕ್ಲಾಸಿಗೆ ಹೋಗಬೇಕೆಂಬ ಮಾತೇ ನನಗೆ ಹೊಸದು.

ಅಳಿಯನಿಗೆ ಮಸ್ಕಿಯಲ್ಲಿ ನೌಕರಿ. ಲಿಂಗಸುಗೂರು ಆ ತುದಿ, ಸಿಂಧನೂರು ಈ ತುದಿ, ಮಗಳು ನಡುವೆ. ಎರಡು ಕಡೆಯಿಂದಲೂ ಬಸ್ಸಿಗೆ ಕೊರತೆ ಇಲ್ಲ. ಮಗಳು ಬಸಿರಾದ ಸುದ್ದಿ ಬಂದ ಮೇಲೆ ಆ ಕಡೆಯ ಬಸ್ಸಿನಲ್ಲಿ ಬೀಗತಿ ಪ್ರತಿ ಭಾನುವಾರ ಬರತೊಡಗಿದರು. ನನಗೆ ಇದು ಗೊತ್ತಾಗಿದ್ದು ನಾನು ಬಯಕೆಯ ಬುತ್ತಿ ಕಟ್ಟಿಕೊಂಡು ಹೋದ ಭಾನುವಾರ.

ಬಾಗಿಲು ಸುಮ್ಮನೆ ಒರಗಿಸಿತ್ತು. ಮಗಳು ಎಡಮಗ್ಗುಲಾಗಿ ಮಲಗಿದ್ದಳು. ಬೀಗತಿ ನೆಲದ ಮೇಲೆ ಕೂತು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. "ಹಣಿ ಸಡ್ಲ ಆತು. ದವಡಿ ಸಡ್ಲ ಆತು. ಈಗ ಕಾಲುವಿ ತೂಬು ಎತ್ತ್ಯಾರ. ನೀರು ಬರ್ತೈತಿ, ತುಂಬ್ತೈತಿ, ಮುಂದ ಹೋಗ್ತೈತಿ. ನೀ ದಂಡಿ ಮ್ಯಾಲ ಕುಂತಿ." ನಂತರ ಮಗಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎತ್ತಿ, ಬಿಟ್ಟರು. ಅದು ಹಿಂಡಿದ ಬಟ್ಟೆಯ ಹಾಗೆ ಹಾಸಿಗೆ ಮೇಲೆ ಬಿತ್ತು. ನಾನು ಬುತ್ತಿಯನ್ನು ಹೊಸ್ತಿಲಲ್ಲೇ ಇಟ್ಟು ಒಳಗೆ ನುಗ್ಗಿದೆ.

"ಏನ್ರಿ ಬೀಗರ, ನನ್ ಮಗಳಿಗೆ ಏನ್ ಬಾನಾಮತಿ ಮಾಡಾಕತ್ತೀರಿ?" ಎಂದು ಕೇಳಿದೆ.

ಬೀಗತಿ ಬೆಚ್ಚಲಿಲ್ಲ. "ಬರ್ರಿ ಬರ್ರಿ. ಬಾನಾಮತಿ ಬರ್ತಿದ್ರ ಮೊದ್ಲು ನಮ್ಮ ಪ್ರಿನ್ಸಿಪಾಲರಿಗೆ ಮಾಡ್ತಿದ್ನಲ್ಲ!" ಎಂದರು. ಮಲಗಿದ್ದ ಮಗಳು ಕಣ್ಣು ಮುಚ್ಚಿಕೊಂಡೇ ಕಿಸಕ್ಕನೆ ನಕ್ಕಳು. ಅಂದರೆ ಅವಳಿಗೆ ಎಚ್ಚರವಿತ್ತು. ಎಚ್ಚರವಿದ್ದೂ ನಾನು ಬಂದದ್ದಕ್ಕೆ ಎದ್ದು ಕೂತಿರಲಿಲ್ಲ.

ಊಟದ ಹೊತ್ತಿಗೆ ಬೀಗತಿ ನನಗೂ ಪಾಠ ಹೇಳಿದರು. "ಅಂಜಿಕಿ ಬಂದ್ರ ಮೈ ಬಿಗಿತೈತಿ. ಬಿಗಿದ್ರ ನೋವು ಹೆಚ್ಚಾಕೈತಿ. ನೋವು ಹೆಚ್ಚಾದ್ರ ಮತ್ತ ಅಂಜಿಕಿ. ಈ ಗಂಟು ಎಲ್ಲ್ಯಾರ ಒಂದು ಕಡೆ ಸಡ್ಲ ಆದ್ರ ಸಾಕ್ರಿ. ನಾ ಮಾಡೂದು ಅಷ್ಟ."

"ಡಾಕ್ಟರು ಆಪರೇಷನ್ ಅಂದ್ರ?"

"ಅಂದ್ರ ಮಾಡಿಸ್ಕೊಳ್ಳೂದ್ರಿ. ಅದ್ರಾಗ ಸೋಲು ಏನೈತಿ? ಆ ಬಾಗಿಲದೊಳಗ ಹೋಗುವಾಗೂ ಮೈ ಸಡ್ಲ ಇದ್ರ ಛಲೋನ."

ಮಾತಿಗೆ ಎಲ್ಲೂ ಕೊಂಕು ಸಿಗಲಿಲ್ಲ. ಕೊಂಕು ಸಿಗದವರ ಮೇಲೆ ಸಿಟ್ಟು ಮಾಡುವುದು ಬಹಳ ಕಷ್ಟ. ಸಂಜೆ ಈ ಕಡೆಯ ಬಸ್ಸಿನಲ್ಲಿ ಕೂತು ಸಿಂಧನೂರಿನ ತನಕ ನಾನು ದವಡೆ ಬಿಗಿಹಿಡಿದೇ ಬಂದೆ.

ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ ಮಗಳನ್ನು ಮನೆಗೆ ಕರೆತಂದೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಹಡೆಯುವವಳ ತಲೆದೆಸೆಗೆ ಕೂರುವುದು ಹೆತ್ತ ತಾಯಿ. ಇದರಲ್ಲಿ ಚರ್ಚೆ ಇಲ್ಲ. ಆ ಜಾಗಕ್ಕಾಗಿ ನಾನು ಮಗಳ ಮದುವೆಯ ದಿನದಿಂದಲೇ ಕಾದಿದ್ದೆ ಎಂದರೂ ತಪ್ಪಿಲ್ಲ. ಬಾಣಂತಿಕೋಣೆಗೆ ಸುಣ್ಣ ಬಳಿಸಿದೆ, ಹಳೆಯ ಮೆತ್ತನೆ ಸೀರೆಗಳನ್ನು ಒಗೆದು ಮಡಚಿ ಇಟ್ಟೆ.

ಮಧ್ಯಾಹ್ನವಾದರೆ ಸಾಕು, ಮಗಳು ಕೋಣೆ ಸೇರಿ ಬಾಗಿಲು ಮುಚ್ಚುತ್ತಿದ್ದಳು. ಫೋನಿನಲ್ಲಿ ಬೀಗತಿಯ ದನಿ ಗುಂಯ್ ಎನ್ನುತ್ತಿತ್ತು. ನನ್ನ ಕುಕ್ಕರ್ ಕೂಗುವುದೂ ಆ ಹೊತ್ತಿಗೇ. ಮನೆ ಎಂದ ಮೇಲೆ ಬೇಳೆ ಬೇಯಬೇಕಲ್ಲ. ಒಮ್ಮೆ ಬಾಗಿಲ ಬಳಿ ನಿಂತಾಗ ಒಳಗಿನ ಮಾತು ಕೇಳಿಸಿತು. "ಕುಕ್ಕರ್ ಕೂಗ್ಲಿ ಬಿಡು ಮಗಾ. ದವಾಖಾನ್ಯಾಗ ಇದಕ್ಕಿಂತ ಗದ್ಲ ಇರ್ತೈತಿ. ಅದು ಕೂಗಿದಾಗೊಮ್ಮೆ ನೀ ಇನ್ನೊಂದಿಷ್ಟು ಒಳಗ ಇಳಿ." ನನ್ನ ಕುಕ್ಕರನ್ನೂ ಆ ಹೆಣ್ಣುಮಗಳು ತನ್ನ ಕೆಲಸಕ್ಕೆ ಹಚ್ಚಿಕೊಂಡಿದ್ದರು.

ಅಂಥದೇನು ವಿದ್ಯೆ, ನನಗೂ ಬರುತ್ತದೆ ಎಂದು ಒಂದು ದಿನ ಮಗಳನ್ನು ಮಲಗಿಸಿದೆ. "ಕಣ್ಣು ಮುಚ್ಚು. ಕೈ ಸಡ್ಲ ಬಿಡು" ಎಂದೆ. ಮಣಿಕಟ್ಟು ಹಿಡಿದು ಎತ್ತಿದೆ, ಬಿಟ್ಟೆ. ಕೈ ಬೀಳಲಿಲ್ಲ. ಗಾಳಿಯಲ್ಲಿ ನೆಟ್ಟಗೆ ನಿಂತಿತು, ತರಗತಿಯಲ್ಲಿ ಉತ್ತರ ಹೇಳಲು ಎತ್ತಿದ ಹಾಗೆ.

"ಕೆಳಗ ಬಿಡು!"

"ನೀ ಬಿಡು ಅಂದ ಕೂಡ್ಲೆ ಗಟ್ಟಿ ಆಕೈತಿ ಬೇ, ನಾ ಏನ್ ಮಾಡ್ಲಿ?" ಎಂದು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕ ಹಾಗೆ ಮಾಡಿ ಅಡುಗೆಮನೆಗೆ ಹೋದೆ.

ದಿನ ಹತ್ತಿರ ಬಂದಾಗ ಮಗಳು ನಾನು ಹೆದರಿದ್ದ ಮಾತನ್ನೇ ಕೇಳಿದಳು. "ಅವ್ವ, ಅತ್ತೀನ ಕರಸ್ಲೇನು?" ಗಂಡಿನ ಕಡೆಯ ಬೀಗರು ಸೊಸೆಯ ತವರಿಗೆ ಬಂದು ದಿನಗಟ್ಟಲೆ ಉಳಿಯುವುದು ನಮ್ಮಲ್ಲಿ ಇಲ್ಲ. ಆದರೆ ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವುದೂ ಇಲ್ಲ. ಬೀಗತಿ ಒಂದು ಕೈಚೀಲ ಹಿಡಿದು ಬಂದರು. ಮರುದಿನವೇ ಪಕ್ಕದ ಮನೆಯಾಕೆ ಕಟ್ಟೆಯ ಮೇಲಿನಿಂದ ಕೂಗಿದಳು. "ಏನ್ರಿ ಟೀಚರ್, ಬಾಣಂತಾನ ತವರಿಂದೋ, ಅತ್ತಿಮನಿದೋ?"

ನನಗಿಂತ ಮೊದಲು ಬೀಗತಿಯೇ ಉತ್ತರ ಕೊಟ್ಟರು. "ತವರಿಂದ ಐತ್ರಿ. ನಾ ರೊಟ್ಟಿ ಬಡಿಯಾಕ ಬಂದೀನಿ." ನಿಜಕ್ಕೂ ಬಡಿದರು. ಅವರ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ ಬರುತ್ತಿತ್ತು. ಅದನ್ನೂ ಸಹಿಸಿದೆ.

ನೋವು ಶುರುವಾದದ್ದು ಒಂದು ಮುಂಜಾನೆ, ಅಂಗಳಕ್ಕೆ ನೀರು ಹೊಡೆಯುವ ಹೊತ್ತಿಗೆ. ಮಗಳು ಪಡಸಾಲೆಯಲ್ಲಿ ಅಡ್ಡಾಡತೊಡಗಿದಳು. ನಾನು ಪಕ್ಕದಲ್ಲೇ ಹೆಜ್ಜೆ ಹಾಕುತ್ತ, "ಉಸಿರು ತಗೋ! ಬಿಡು! ತಗೋ!" ಎಂದು ಹೇಳುತ್ತ ಹೋದೆ. ಅವಳ ಹೆಗಲು ಕಿವಿಯ ತನಕ ಏರಿತು. ಬೀಗತಿ ಕಂಬಕ್ಕೆ ಒರಗಿ ನೋಡುತ್ತಿದ್ದರೇ ವಿನಾ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ನಾಲ್ಕು ಮಾತು ಅನ್ನಬಹುದಿತ್ತು. ಆ ಅವಕಾಶವನ್ನೂ ಕೊಡಲಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸ್ ತಡೆದಳು. "ಒಬ್ರ ಬರ್ರಿ. ಯಾರ್ ಬರ್ತೀರಿ?"

ಮಗಳು ನನ್ನ ಕೈ ಹಿಡಿದಿದ್ದಳು. ನೋಡಿದ್ದು ಮಾತ್ರ ಅತ್ತೆಯ ಕಡೆ.

"ನೀವ ಹೋಗ್ರಿ ಬೀಗರ" ಎಂದರು ಬೀಗತಿ. "ಅದು ತಾಯಿ ಜಾಗ." ಹಾಗೆಂದು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟರು. ನಾನು ತಲೆ ಎತ್ತಿಕೊಂಡು ಒಳಗೆ ಹೋದೆ.

ಒಳಗೆ ನನ್ನಿಂದ ಏನೂ ಆಗಲಿಲ್ಲ. ನೋವು ಬಂದಾಗೊಮ್ಮೆ ಮಗಳು ಮಂಚದ ಸರಳು ಹಿಡಿದು ಬಿಲ್ಲಿನಂತೆ ಬಿಗಿಯುತ್ತಿದ್ದಳು. "ಧೈರ್ಯ ತಗೋ" ಎಂದೆ. ಇನ್ನಷ್ಟು ಬಿಗಿದಳು. ಬೆನ್ನು ಉಜ್ಜಿದರೆ ಕೈ ಕೊಡವಿದಳು. "ಸೂಜಿ ಹಾಕ್ಸಿಬಿಡು ಬೇ, ನನ್ನ ಕೈಲೆ ಆಗೂದಿಲ್ಲ" ಎಂದು ಅತ್ತಳು. ಡಾಕ್ಟರಮ್ಮ ನಾಡಿ ನೋಡಿ, ಕೂಸಿನ ಎದೆಬಡಿತ ನೋಡಿ, "ಎಲ್ಲ ಸರಿ ಐತಿ. ಸೂಜಿ ಬೇಕಂದ್ರ ಕೊಡೋಣ. ಆದ್ರ ಆಕಿ ಇಷ್ಟ್ ದಿನ ಬ್ಯಾಡ ಅಂತಿದ್ಲು, ಇನ್ನೊಮ್ಮೆ ಕೇಳ್ರಿ" ಎಂದರು. ನಾನು ಬಾಗಿ ಮಗಳನ್ನು ಕೇಳಿದೆ. ಅವಳು ಸೂಜಿಯ ಮಾತೇ ಎತ್ತಲಿಲ್ಲ. "ಅತ್ತಿ" ಎಂದಳು, ಅಷ್ಟೆ.

ಇಪ್ಪತ್ತೈದು ವರ್ಷ ಸಾಕಿದ ಮಗಳು. ಬಾಗಿಲ ತನಕದ ಆ ದೂರ ನಡೆದಷ್ಟು ಭಾರವಾಗಿ ನಾನು ಯಾವ ಮೈದಾನವನ್ನೂ ದಾಟಿಲ್ಲ. "ಹೋಗ್ರಿ, ನಿಮ್ಮನ್ನ ಕರ್ಯಾಕತ್ತಾಳ" ಎಂದೆ ಬೀಗತಿಗೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿ, ನರ್ಸಿಗೆ ಹೇಳಿದರು. "ಇವ್ರು ಪರದೆ ಹಿಂದ ನಿಂದರ್ಲೆವ್ವ. ಒಂದು ಮಾತೂ ಆಡಂಗಿಲ್ಲ ಇವ್ರು, ನನ್ನ ಜವಾಬ್ದಾರಿ." ನನ್ನ ಜವಾಬ್ದಾರಿಯಂತೆ! ಡಾಕ್ಟರಮ್ಮ ತಲೆಯಾಡಿಸಿದರು. ನಾನು ಹೋಗಿ ಪರದೆಯ ಹಿಂದೆ ನಿಂತೆ.

ಬೀಗತಿ ತಲೆದೆಸೆಗೆ ಕೂತರು. ತೂಬು, ಕಾಲುವೆ ಎಂದು ಶುರುಮಾಡುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ.

"ಕಟ್ಟಿ ಮ್ಯಾಲ ಕುಂತಿ. ಮುಂಜಾನೆ ಬಿಸಿಲು ಕಾಲ ಮ್ಯಾಲ ಬಿದ್ದೈತಿ. ಹಿಂದ ನಿಮ್ಮವ್ವ ಕುಂತಾಳ. ಅವ್ವನ ಎರಡೂ ಮೊಣಕಾಲು ನಿನ್ನ ಹೆಗಲಿಗೆ ಹತ್ಯಾವ. ಎಣ್ಣಿ ವಾಸನಿ ಬರಾಕತ್ತೈತಿ. ಅವ್ವ ತಲಿ ಬಾಚಾಕತ್ತಾಳ. ಹಣಿಗಿ ನೆತ್ತಿಯಿಂದ ಕೆಳಗ ಇಳಿಯಾಕತ್ತೈತಿ... ಈಗ ಸಿಕ್ಕು ಬಂತು. ಬರ್ಲಿ. ಅವ್ವ ಬುಡ ಹಿಡದಾಳ, ಜಗ್ಗಂಗಿಲ್ಲ. ಮೆಲ್ಲಕ ಬಿಡಸ್ತಾಳ. ಬಿಡಸ್ತಾಳ... ಬಿಟ್ತು. ಹಣಿಗಿ ಮುಂದ ಹೋತು."

ಪರದೆಯ ಸಂದಿಯಿಂದ ಮಗಳ ಕೈ ಕಾಣುತ್ತಿತ್ತು. ಸರಳಿನಿಂದ ಒಂದೊಂದೇ ಬೆರಳು ಕಳಚಿತು.

ಮತ್ತೆ ನೋವು ಬಂತು, ಮತ್ತೆ ಸಿಕ್ಕು ಬಂತು, ಮತ್ತೆ ಅವ್ವ ಬಿಡಿಸಿದಳು. ಮಗಳು ಚೀರಲಿಲ್ಲ. ನೊಗ ಎಳೆಯುವ ಎತ್ತಿನ ಹಾಗೆ ಆಳದಿಂದ ಒಂದು ಹೂಂಕಾರ ಬರುತ್ತಿತ್ತು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯುವವರೆಗೂ ಬೀಗತಿಯ ದನಿ ಒಂದೇ ಹದದಲ್ಲಿ ಹರಿಯಿತು. ಅದೇ ಹದದಲ್ಲಿ ನನ್ನ ಮೊಮ್ಮಗಳು ಹುಟ್ಟಿದಳು. ಸೂಜಿ ಬೇಕಾಗಲಿಲ್ಲ.

ಪರದೆಯ ಹಿಂದೆ ನಾನು ಅಳುತ್ತಿದ್ದೆ. ಸಂತೋಷಕ್ಕೆ ಎಂದು ನರ್ಸ್ ತಿಳಿದಳು. ಆ ಕಟ್ಟೆಯ ಮೇಲೆ ನನ್ನ ಮೊಣಕಾಲ ಮುಂದೆಯೇ ನನ್ನ ಮಗಳು ಕೂತಿದ್ದಳು. ಅಲ್ಲಿಗೆ ಅವಳನ್ನು ಕರೆದೊಯ್ಯಲು ಇನ್ನೊಬ್ಬಳು ಬೇಕಾದಳು. ನನಗೆ ಆ ದಾರಿಯೇ ಗೊತ್ತಿರಲಿಲ್ಲ.

ಸಂಜೆ ವರಾಂಡದಲ್ಲಿ ಚಹಾ ಕುಡಿಯುವಾಗ ಕೇಳಿದೆ. "ಬೀಗರ, ನಾ ಆಕಿ ತಲಿ ಜಗ್ಗೇ ಹಿಕ್ಕತಿದ್ದೆ. ಸಾಲಿಗೆ ಹೊತ್ತಾಗ್ತಿತ್ತು. ಮೆಲ್ಲಕ ಬಿಡಸ್ತಾಳ ಅನ್ನೂದು ನೀವು ಕೂಡ್ಸಿದ್ದು, ಹೌದಿಲ್ಲೋ?"

ರೆಪ್ಪೆ ಇಳಿಯಿತು, ಎದ್ದಿತು. "ಇಲ್ರಿ. ನಾ ಏನೂ ಕೂಡ್ಸಂಗಿಲ್ಲ. ಎಲ್ಲಿ ನಿನಗ ಅಂಜಿಕಿ ಇರಲಿಲ್ಲ ಅಂತ ಎಲ್ಲಾರ್ನೂ ಮೊದ್ಲ ಕೇಳ್ತೀನಿ. ಆಕಿ ಹೇಳಿದ್ದನ್ನ ಆಕಿಗೆ ತಿರುಗಿ ಹೇಳೀನಿ."

ಮಗಳು ನನಗೆ ಎಂದೂ ಹೇಳದ ಮಾತು ಅದು. ಅದನ್ನು ಕೇಳಿಸಿಕೊಂಡ ಕಿವಿಯ ಮೇಲೆ ನನಗೆ ಅಂದು ಎಷ್ಟು ಹೊಟ್ಟೆಕಿಚ್ಚಾಯಿತು ಎಂದರೆ, ಉಳಿದ ಚಹಾವನ್ನು ವರಾಂಡದಿಂದ ಹೊರಗೆ ಚೆಲ್ಲಿಬಿಟ್ಟೆ.

ಹೋದ ವರ್ಷ ಬೀಗತಿ ತೀರಿಕೊಂಡರು. ಹೃದಯದ ಕಾಯಿಲೆಯನ್ನು ಯಾರಿಗೂ ದೊಡ್ಡದು ಮಾಡಿ ಹೇಳಿರಲಿಲ್ಲ. ಲಿಂಗಸುಗೂರಿನ ಆ ಮನೆಯ ಮುಂದೆ ಕೂಸು ಎತ್ತಿಕೊಂಡ ಹೆಣ್ಣುಮಕ್ಕಳು ನೆರೆದಿದ್ದರು. ಮುದಗಲ್ಲಿನಿಂದ, ಪಾಮನಕಲ್ಲೂರಿನಿಂದ, ಎಲ್ಲೆಲ್ಲಿಂದಲೋ. ಒಬ್ಬೊಬ್ಬಳನ್ನೂ ಅವರು ಅವಳವಳ ಜಾಗಕ್ಕೆ ಕರೆದೊಯ್ದಿರಬೇಕು. ನಾನು ಸಾಲು ನಿಲ್ಲಿಸಿದ ಮಕ್ಕಳು ಊರ ತುಂಬ ಇದ್ದಾರೆ. ನನ್ನ ಹಿಂದೆ ಹೀಗೆ ಬಂದು ಅಳುವವರು ಯಾರು ಎಂದು ಅಲ್ಲಿ ನಿಂತು ಯೋಚಿಸಿದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ಆಗುತ್ತದೆ, ಏನು ಮಾಡುವುದು.

ಈ ಬೇಸಿಗೆಯಲ್ಲಿ ಮಗಳಿಗೆ ಎರಡನೇ ಹೆರಿಗೆ. ಈ ಸಲ ಬಾಗಿಲಲ್ಲಿ ಯಾರ್ ಬರ್ತೀರಿ ಎಂದು ಯಾರೂ ಕೇಳಲಿಲ್ಲ. ತಲೆದೆಸೆಯ ಜಾಗ ನನ್ನದೇ. ಒಂದು ತಿಂಗಳಿಂದ ಸ್ನಾನದ ಮನೆಯಲ್ಲಿ ದನಿ ತಗ್ಗಿಸಿ ರೂಢಿ ಮಾಡಿದ್ದೆ. ಹಣಿಗಿ, ಎಣ್ಣಿ, ಸಿಕ್ಕು, ಎಲ್ಲ ಬಾಯಿಪಾಠವಾಗಿತ್ತು.

ಮಗಳು ದಿಂಬಿನ ಕೆಳಗಿನಿಂದ ಮೊಬೈಲು ತೆಗೆದು ನನ್ನ ಕೈಗೆ ಕೊಟ್ಟಳು. "ಅತ್ತಿ ಇದ್ದಾಗ ರೆಕಾರ್ಡ್ ಮಾಡಿಟ್ಟದ್ದು ಇದ್ರಾಗ ಐತಿ ಬೇ. ಕಿವಿ ಹತ್ರ ಹಿಡಿ." ಹಿಡಿದೆ. ಆ ದನಿ ಬಂತು, ಅದೇ ಹದ, ಅದೇ ಕಟ್ಟೆ, ಅದೇ ಬಿಸಿಲು. ಮಗಳ ದವಡೆ ಸಡಿಲವಾಯಿತು. ದನಿ ಮುಗಿದು ಮೊಬೈಲು ಸುಮ್ಮನಾದಾಗ ಇನ್ನೂ ಹೆರಿಗೆ ಆಗಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಬಾಗಿ, ಬಾಯಿ ತೆರೆದೆ.

"ಇನ್ನೊಮ್ಮೆ ಹಚ್ಚು, ಅವ್ವ" ಎಂದಳು ಮಗಳು, ಕಣ್ಣು ಮುಚ್ಚಿಕೊಂಡೇ.

ಬಾಯಿ ಮುಚ್ಚಿದೆ. ಇನ್ನೊಮ್ಮೆ ಹಚ್ಚಿದೆ.